ಮೆಟ್ನರನ ಸಂಗೀತವೂ ಮೈಸೂರಿನ ಮಹಾರಾಜರೂ

ಸಂಗೀತದ ತ್ರಿಮೂರ್ತಿಗಳ ಕೃತಿಗಳನ್ನು ರಸಿಕರು ಮೂರು ಪಾಕಗಳಿಗೆ ಹೋಲಿಸಿ ಹೇಳುವುದುಂಟು. ತ್ಯಾಗರಾಜರದು ದ್ರಾಕ್ಷಾಪಾಕ, ನಾಲಿಗೆಗೆ ಸೋಕಿದೊಡನೆಯೇ ರಸ. ಶ್ಯಾಮಾಶಾಸ್ತ್ರಿಗಳದು ಕದಳೀಪಾಕ, ಸಿಪ್ಪೆ ಸುಲಿಯುವಷ್ಟು ಮಾತ್ರ ಶ್ರಮ. ಮುತ್ತುಸ್ವಾಮಿ ದೀಕ್ಷಿತರದು ನಾರಿಕೇಳಪಾಕ. ನಾರು ಕಿತ್ತು ಚಿಪ್ಪು ಒಡೆದಲ್ಲದೆ ತಿರುಳು ಕೈಗೆ ಸಿಕ್ಕದು. ಈ ವಿಂಗಡಣೆ ಪೂರ್ತಿಯಾಗಿ ನ್ಯಾಯವಾದುದಲ್ಲ. ತ್ಯಾಗರಾಜರಲ್ಲಿಯೂ ಚಿಪ್ಪು ಗಟ್ಟಿಯಾದ ಕೃತಿಗಳು ಬೇಕಾದಷ್ಟಿವೆ. ಆದರೂ ಮೊದಲ ಸಲ ಕೇಳಿದಾಗ ಬರಿಯ ಕಗ್ಗಂಟಾಗಿ ತೋರಿ, ಹತ್ತನೆಯ ಸಲಕ್ಕೆ ಮನಸ್ಸನ್ನು ಬಿಡದೆ ಹಿಡಿಯುವ ಸಂಗೀತವೊಂದುಂಟೆಂಬ ಅನುಭವವು ಈ ಮಾತಿನ ಹಿಂದೆ ಇದೆ.

ಇಂಥ ಸಂಗೀತಕ್ಕೂ ಭಾರತದಲ್ಲಿ ಒಂದು ಅನುಕೂಲವುಂಟು. ಪಲ್ಲವಿಯ ಸಾಲನ್ನು ಗಾಯಕನು ಒಂದೇ ಸಲ ಹೇಳಿ ಮುಂದಕ್ಕೆ ಹೋಗುವುದಿಲ್ಲ. ಸಂಗತಿಯ ಮೇಲೆ ಸಂಗತಿಯನ್ನು ಕಟ್ಟುತ್ತ ಅದನ್ನೇ ಆರೆಂಟು ಸಲ ಸುತ್ತಿ ಬರುತ್ತಾನೆ. ಅನುಪಲ್ಲವಿಗೆ ಬರುವ ಹೊತ್ತಿಗೆ ಆ ಸಾಲು ಕೇಳುಗನಿಗೆ ಮನೆಯ ಮಾತಿನಂತಾಗಿರುತ್ತದೆ. ಮರಳಿ ಕೇಳುವ ಕೆಲಸವು ಕೃತಿಯ ಮೈಯಲ್ಲಿಯೇ ಅಡಗಿದೆ. ಯೂರೋಪಿನ ಸಭಾಮಂದಿರದಲ್ಲಿ ಹಾಗಲ್ಲ. ಅರ್ಧ ಗಂಟೆಯ ರಚನೆಯೊಂದು ಬರೆದ ಪ್ರಕಾರ ಒಮ್ಮೆ ನುಡಿದು ಮುಗಿಯುತ್ತದೆ. ಅಂದು ಹಿಡಿಸದಿದ್ದರೆ ಅದು ಮತ್ತೆ ಕಿವಿಗೆ ಬೀಳುವುದಕ್ಕೆ ವರ್ಷಗಳೇ ಬೇಕು, ಇಲ್ಲವೆ ಬೀಳದೆಯೂ ಹೋಗಬಹುದು. ಈ ಅಪಾಯಕ್ಕೆ ತುತ್ತಾದವರಲ್ಲಿ ರಷ್ಯಾದ ನಿಕೊಲಾಯ್ ಮೆಟ್ನರನು ಒಬ್ಬನು. ಆತನ ಸಂಗೀತಕ್ಕೆ ಎರಡನೆಯ ಕೇಳ್ಮೆಯನ್ನು ದೊರಕಿಸಿಕೊಟ್ಟವರು ಮೈಸೂರಿನ ಜಯಚಾಮರಾಜ ಒಡೆಯರವರು.

ಮೆಟ್ನರನು ಹುಟ್ಟಿದುದು ಮಾಸ್ಕೋ ನಗರದಲ್ಲಿ, 1880ರ ಜನವರಿಯಲ್ಲಿ. ಅಲ್ಲಿಯ ಸಂಗೀತ ವಿದ್ಯಾಲಯದಲ್ಲಿ ಪಿಯಾನೋ ಕಲಿತು 1900ರಲ್ಲಿ ಹೊರಬಂದನು. ವಾದಕನಾಗಿ ಊರೂರು ತಿರುಗಿದ್ದರೆ ಹಣಕ್ಕೂ ಹೆಸರಿಗೂ ಕೊರತೆಯಿರುತ್ತಿರಲಿಲ್ಲ. ಆತನ ಮನಸ್ಸು ಮಾತ್ರ ರಚನೆಯ ಕಡೆಗೇ ಒಲಿಯಿತು. ಹದಿನಾಲ್ಕು ಪಿಯಾನೋ ಸೊನಾಟಾಗಳು, ‘ಕಥೆ’ಗಳೆಂದು ತಾನೇ ಹೆಸರಿಟ್ಟ ಮೂವತ್ತಕ್ಕೂ ಹೆಚ್ಚು ಚಿಕ್ಕ ರಚನೆಗಳು, ನೂರರಷ್ಟು ಹಾಡುಗಳು, ಪಿಯಾನೋವು ವಾದ್ಯವೃಂದದೊಡನೆ ಸಂವಾದ ನಡೆಸುವ ಕನ್ಚೆರ್ಟೋಗಳು ಮೂರು: ಬಾಳಿನ ದುಡಿಮೆಯೆಲ್ಲ ಸುಮಾರಾಗಿ ಇಷ್ಟು. ಸಿಂಫನಿಯನ್ನಾಗಲಿ ಗೀತನಾಟಕವನ್ನಾಗಲಿ ಬರೆಯಲಿಲ್ಲ. 1921ರಲ್ಲಿ ತಾಯ್ನಾಡನ್ನು ಬಿಟ್ಟು, ಜರ್ಮನಿ, ಫ್ರಾನ್ಸುಗಳಲ್ಲಿ ನೆಲೆ ಕಾಣದೆ, ಕಡೆಗೆ ಲಂಡನ್ನಿಗೆ ಬಂದು ಸೇರಿದನು. ರಾಖ್ಮಾನಿನೋವನು ಆತನ ಆಪ್ತಮಿತ್ರನು. ಆ ಕಾಲದ ರಚನಕಾರರಲ್ಲಿ ಮೆಟ್ನರನಿಗೆ ಮೊದಲ ಸ್ಥಾನ ಕೊಟ್ಟವನು. ತನ್ನ ನಾಲ್ಕನೆಯ ಕನ್ಚೆರ್ಟೋವನ್ನು ಆತನಿಗೆ ಅರ್ಪಿಸಿದವನು. ಮೆಟ್ನರನು ತನ್ನ ಎರಡನೆಯದನ್ನು ಅರ್ಪಿಸಿ ಆ ಋಣವನ್ನು ತೀರಿಸಿದನು. ಆದರೆ ಮಿತ್ರನ ಕೃತಿಗಳಿಗೆ ಮುಗಿಬಿದ್ದ ಜನವು ಮೆಟ್ನರನ ಕೃತಿಗಳನ್ನು ಗೌರವದಿಂದ ಕೇಳಿ, ಗೌರವದಿಂದಲೇ ಮರೆತುಬಿಟ್ಟಿತು.

ಇದಕ್ಕೆ ಕಾರಣವು ಜನರ ಮಂದಬುದ್ಧಿಯಲ್ಲ. ರಾಖ್ಮಾನಿನೋವನಲ್ಲಿ ರಾಗವು ಹೊಳೆಯಂತೆ ಮೇಲೆಯೇ ಹರಿಯುತ್ತದೆ. ಮೆಟ್ನರನಲ್ಲಿ ಅದು ಒರತೆಯಂತೆ, ಅಗೆದು ತೆಗೆಯಬೇಕು. ನಾಲ್ಕೈದು ಸ್ವರಗಳ ಒಂದು ಚಿಕ್ಕ ಬೀಜವನ್ನು ಆತನು ಮೊದಲಲ್ಲಿ ಬಿತ್ತುತ್ತಾನೆ. ಅದೇ ಬೀಜವು ಕೆಳಗಣ ಸ್ವರದಲ್ಲಿ, ನಡುವಣ ಸ್ವರದಲ್ಲಿ, ತಲೆಕೆಳಗಾಗಿ, ನಿಡಿದಾಗಿ, ಇನ್ನೊಂದು ಬೀಜದೊಡನೆ ಹೆಣೆದುಕೊಂಡು, ಕಡೆಯ ತನಕ ಬೆಳೆಯುತ್ತದೆ. ಬಲಗೈಯ ಲಯವೊಂದು, ಎಡಗೈಯ ಲಯವಿನ್ನೊಂದು. ಪೆಟ್ಟು ಬೀಳಬೇಕಾದಲ್ಲಿ ಬೀಳದೆ ಪಕ್ಕಕ್ಕೆ ಸರಿದು ಬೀಳುತ್ತದೆ. ಮೊದಲ ಸಲ ಕೇಳುವವನಿಗೆ ಬೀಜವು ಯಾವುದೆಂದೇ ತಿಳಿದಿರುವುದಿಲ್ಲವಾಗಿ, ಮುಂದಿನದೆಲ್ಲವೂ ಎಡೆಬಿಡದ ಸ್ವರಗಳ ದಟ್ಟಣೆಯಾಗಿ, ಬಣ್ಣವಿಲ್ಲದ ನೇಯ್ಗೆಯಾಗಿ ತೋರುತ್ತದೆ. ಬೀಜವು ನೆನಪಿನಲ್ಲಿ ನಿಂತ ಮೇಲೆಯೇ ನೇಯ್ಗೆಯ ಬಣ್ಣಗಳು ಒಂದೊಂದಾಗಿ ಕಾಣತೊಡಗುವುದು. 1911ರಲ್ಲಿ ಮುಗಿದ ‘ರಾತ್ರಿಯ ಗಾಳಿ’ ಎಂಬ ಸೊನಾಟಾವು ಅರ್ಧ ಗಂಟೆಗೂ ಮೀರಿ ಎಲ್ಲಿಯೂ ನಿಲ್ಲದೆ ಸಾಗುತ್ತದೆ. ಅದನ್ನು ಒಂದೇ ಕೇಳ್ಮೆಯಲ್ಲಿ ಅರಿತೆನೆನ್ನುವವನ ಮಾತನ್ನು ನಂಬುವುದು ಸುಲಭವಲ್ಲ.

ಕಾಲಧರ್ಮವೂ ಆತನಿಗೆ ಎದುರಾಗಿತ್ತು. ಹೊಸಬರ ಕರ್ಕಶಸ್ವರಗಳನ್ನು ಕಂಡರೆ ಆತನಿಗೆ ಆಗದು. 1935ರಲ್ಲಿ ಪ್ಯಾರಿಸಿನಲ್ಲಿ, ರಾಖ್ಮಾನಿನೋವನ ನೆರವಿನಿಂದ, ‘ಸರಸ್ವತಿಯೂ ಷೋಕಿಯೂ’ ಎಂದು ತಾತ್ಪರ್ಯವಾಗುವ ಹೆಸರಿನ ಪುಸ್ತಕವೊಂದನ್ನು ಪ್ರಕಟಿಸಿ, ನವ್ಯರನ್ನೆಲ್ಲ ಖಂಡಿಸಿದನು. ಅದರಲ್ಲಿ ಆವೇಶವು ಎಷ್ಟಿದೆಯೋ ಸಹನೆಯು ಅಷ್ಟಿಲ್ಲವೆಂದು ಹೇಳಬೇಕು. ಹೀಗಾಗಿ ಹೊಸದನ್ನು ಬಯಸುವವರಿಗೆ ಆತನು ಹಳಬನಾದನು, ಹಳೆಯ ಇಂಪನ್ನು ಬಯಸುವವರಿಗೆ ಗಹನನಾದನು. ‘ರಷ್ಯಾದ ಬ್ರಾಮ್ಸ್’ ಎಂದು ವಿಮರ್ಶಕರು ಕೊಟ್ಟ ಬಿರುದಿನಲ್ಲಿ ಹೊಗಳಿಕೆಯೆಷ್ಟು, ಆಕಳಿಕೆಯೆಷ್ಟು ಎಂಬುದನ್ನು ಬೇರ್ಪಡಿಸುವುದು ಕಷ್ಟ.

1939ರಲ್ಲಿ ಯುದ್ಧವು ಹೊತ್ತಿಕೊಂಡಿತು. ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಅಲ್ಪ ವರಮಾನವೂ ನಿಂತಿತು. ಲಂಡನ್ನಿನ ಮೇಲೆ ಬಾಂಬುಗಳು ಬೀಳುತ್ತಿದ್ದಾಗ ಎಡ್ನಾ ಐಲ್ಸ್ ಎಂಬ ಆಂಗ್ಲ ಪಿಯಾನೋ ವಾದಕಿ ಆತನನ್ನೂ ಆತನ ಹೆಂಡತಿಯನ್ನೂ ವಾರಿಕ್‌ಷೈರಿನಲ್ಲಿ ಇರಿಸಿಕೊಂಡು ಕಾಪಾಡಿದಳು. 1942ರಲ್ಲಿ ಹೃದಯಾಘಾತವಾಯಿತು. ಚೇತರಿಸಿಕೊಳ್ಳುತ್ತ 1943ರಲ್ಲಿ ಮೂರನೆಯ ಕನ್ಚೆರ್ಟೋವನ್ನು ಮುಗಿಸಿ, 1944ರ ಫೆಬ್ರವರಿಯಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ತಾನೇ ನುಡಿಸಿದನು. ಅದರ ಮೊದಲ ಭಾಗಕ್ಕೆ ಪ್ರೇರಣೆ ಲೆರ್ಮೊಂತೊವ್ ಕವಿಯ ‘ರುಸಾಲ್ಕಾ’, ಜಲಕನ್ನೆಯೊಬ್ಬಳ ಕಥೆ. ಅರುವತ್ತನಾಲ್ಕರ ಮುದುಕನು ಹಾಗೆ ಒಮ್ಮೆ ನುಡಿಸಿ ಮುಗಿಸಿದುದು ಮತ್ತೆ ಎಂದು, ಯಾರ ಕೈಯಲ್ಲಿ ನುಡಿಯಬೇಕು? ಬಾಳಿನ ದುಡಿಮೆಯೆಲ್ಲ ಕಾಗದದ ಮೇಲೆಯೇ ಉಳಿದುಹೋಗುವಂತಿತ್ತು.

ಈ ಹೊತ್ತಿಗೆ ಗ್ರಾಮಫೋನು ಬೆಳೆದು ದೊಡ್ಡದಾಗಿತ್ತು. ಹನ್ನೆರಡು ಅಂಗುಲದ ಅರಗಿನ ತಟ್ಟೆ ನಿಮಿಷಕ್ಕೆ 78 ಸುತ್ತು ಸುತ್ತಿದರೆ ಒಂದು ಮಗ್ಗುಲಿಗೆ ನಾಲ್ಕು ನಿಮಿಷ, ಬಹಳವೆಂದರೆ ಅದರ ಮೇಲೆ ಅರ್ಧ ನಿಮಿಷ. ಅರ್ಧ ಗಂಟೆಯ ಕೃತಿಗೆ ನಾಲ್ಕೈದು ತಟ್ಟೆಗಳು ಬೇಕು. ಅವನ್ನು ಚಿತ್ರಪಟಗಳ ಆಲ್ಬಮ್ಮಿನಂತೆ ದಪ್ಪ ರಟ್ಟಿನ ನಡುವೆ ಹೊಲಿದ ಚೀಲಗಳಲ್ಲಿ ಜೋಡಿಸಿ ಮಾರುತ್ತಿದ್ದರು. ಸಂಗೀತದ ಮಾತಿನಲ್ಲಿ ‘ಆಲ್ಬಮ್’ ಎಂಬ ಪದವು ನೆಲೆಯೂರಿದುದು ಹೀಗೆ. ಜನಪ್ರಿಯವಲ್ಲದ ಕೃತಿಗಳಿಗೂ ಒಂದು ಉಪಾಯವು ಹೊಳೆದಿತ್ತು. ಕಹಳೆಯ ಮುಂದೆ ನಾಯಿ ಕುಳಿತಿರುವ ಗುರುತಿನ ಹಿಸ್ ಮಾಸ್ಟರ್ಸ್ ವಾಯ್ಸ್ ಸಂಸ್ಥೆಯಲ್ಲಿದ್ದ ವಾಲ್ಟರ್ ಲೆಗ್ ಎಂಬ ತರುಣನು, ಐನೂರು ಮಂದಿ ಮುಂಗಡವಾಗಿ ಚಂದಾ ಕಟ್ಟಿದರೆ ಮುದ್ರಿಸೋಣವೆಂದು ಹೇಳಿ, 1931ರಲ್ಲಿ ಹ್ಯೂಗೋ ವೋಲ್ಫನ ಹಾಡುಗಳಿಗಾಗಿ ಒಂದು ‘ಸೊಸೈಟಿ’ಯನ್ನು ಕಟ್ಟಿದನು. ಬೇಥೋವನನ ಮೂವತ್ತೆರಡು ಸೊನಾಟಾಗಳನ್ನು ಶ್ನಾಬೆಲ್ 1932ರಿಂದ 1935ರ ವರೆಗೆ ನುಡಿಸಿ ಮುದ್ರಿಸಿದುದೂ ಇಂಥ ಸೊಸೈಟಿಯ ಮೂಲಕವೇ. ವೋಲ್ಫನಿಗೆ ಐನೂರು ಮಂದಿ ಸಿಕ್ಕಿದರು. ಮೆಟ್ನರನಿಗೆ ಅಷ್ಟು ಜನ ಸಿಕ್ಕುವುದು ದುರ್ಲಭವಾಗಿತ್ತು. ಸಿಕ್ಕಿದುದು ಒಬ್ಬರೇ ಚಂದಾದಾರರು.

ಜಯಚಾಮರಾಜ ಒಡೆಯರವರು ಜನಿಸಿದುದು 1919ರಲ್ಲಿ. ಮೈಸೂರರಮನೆಯಲ್ಲಿ ಪಾಶ್ಚಾತ್ಯ ಸಂಗೀತವು ಹೊಸದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿಯೇ ಜರ್ಮನಿಯ ಆಟೋ ಷ್ಮಿಟ್ ಅರಮನೆಯ ವಾದ್ಯವೃಂದವನ್ನು ನಡೆಸುತ್ತಿದ್ದನು. ಚಿಕ್ಕಂದಿನಿಂದ ಪಿಯಾನೋ ಅಭ್ಯಾಸ ಮಾಡಿದ ಈ ರಾಜಕುಮಾರರಿಗೆ ಸಭೆಗಳಲ್ಲಿ ನುಡಿಸುವ ವಾದಕರಾಗಬೇಕೆಂಬ ಆಸೆಯಿತ್ತು. 1940ರ ಮಾರ್ಚಿಯಲ್ಲಿ ತಂದೆಯವರೂ ಆಗಸ್ಟಿನಲ್ಲಿ ದೊಡ್ಡಪ್ಪನವರೂ ತೀರಿಕೊಂಡು, ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಸಿಂಹಾಸನವನ್ನೇರಬೇಕಾದುದರಿಂದ ಆ ಆಸೆಯು ಅಲ್ಲಿಗೇ ನಿಂತಿತು. ಉಳಿದುದು ಕೇಳುವ ಸುಖ. ಮೈಸೂರಿಗೆ ಬಂದ ಲೆಗ್ ಅರಮನೆಯ ತಟ್ಟೆಗಳ ಭಂಡಾರವನ್ನೂ ಪಿಯಾನೋಗಳನ್ನೂ ಕಂಡು ಬೆರಗಾದನು.

ಸಭಾಮಂದಿರದಿಂದ ಸಾವಿರಾರು ಮೈಲಿ ದೂರದಲ್ಲಿದ್ದವರಿಗೆ ಮೆಟ್ನರನು ಹಿಡಿಸಿದುದು ವಿಚಿತ್ರವೆಂದು ಲಂಡನ್ನಿನವರಿಗೆ ತೋರಿರಬಹುದು. ವಾಸ್ತವವಾಗಿ ದೂರವೇ ಅನುಕೂಲವಾಯಿತೆನ್ನಬೇಕು. ತಟ್ಟೆಯಿಂದ ಕೇಳುವವನು ಒಪ್ಪಿಗೆಯಾಗದುದನ್ನು ಮತ್ತೆ ಹಾಕಬಲ್ಲನು. ನಾಲ್ಕು ನಿಮಿಷಕ್ಕೊಮ್ಮೆ ಮುರಿದು ಬೀಳುವ ಆ ಮುದ್ರಿಕೆಯ ದೋಷವೇ ಇಂಥ ಸಂಗೀತಕ್ಕೆ ಗುಣವಾಗಿ ಪರಿಣಮಿಸುವುದುಂಟು: ಎದ್ದು ಹೋಗಿ ಮಗ್ಗುಲನ್ನು ತಿರುಗಿಸುವುದರ ಬದಲು ಮುಳ್ಳನ್ನು ಮತ್ತೆ ಮೊದಲಿಗೇ ಇಟ್ಟರೆ, ಅದೇ ನಾಲ್ಕು ನಿಮಿಷವು ಸಂಗತಿಯಂತೆ ಸುತ್ತಿ ಬರುತ್ತದೆ. ಅಲ್ಲದೆ ಒಡೆಯರವರ ರುಚಿಯೇ ಕಾಯಿ ಒಡೆಯುವ ರುಚಿ. ಅವರು ‘ಶ್ರೀವಿದ್ಯಾ’ ಎಂಬ ಅಂಕಿತದಿಂದ ಸಂಸ್ಕೃತದಲ್ಲಿ ರಚಿಸಿದ ತೊಂಬತ್ತನಾಲ್ಕು ಕೃತಿಗಳು, ಅಪೂರ್ವರಾಗಗಳಲ್ಲಿ, ಮಂತ್ರಶಾಸ್ತ್ರದ ಅರ್ಥಗಳನ್ನು ತುಂಬಿಕೊಂಡು, ದೀಕ್ಷಿತರ ದಾರಿಯಲ್ಲಿಯೇ ಸಾಗುತ್ತವೆ. ಅವು ಸಹ ಮೊದಲ ಕೇಳ್ಮೆಗೆ ಒಲಿಯುವಂಥವಲ್ಲ.

ಮೆಟ್ನರನ ಕೃತಿಗಳೆಲ್ಲವನ್ನೂ ಆತನ ಕೈಯಿಂದಲೇ ಮುದ್ರಿಸಬೇಕೆಂಬುದು ಮಹಾರಾಜರ ಸಂಕಲ್ಪ. ಅವರ ಹಣದಿಂದ ಮೆಟ್ನರ್ ಸೊಸೈಟಿಯು ನಿಂತಿತು. ಲೆಗ್ 1945ರಲ್ಲಿ ಸ್ಥಾಪಿಸಿದ್ದ ಫಿಲ್ಹಾರ್ಮೋನಿಯಾ ವಾದ್ಯವೃಂದವು ಜೊತೆಗೆ ಬಂದಿತು. 1947ರಲ್ಲಿ ಮೂರು ಕನ್ಚೆರ್ಟೋಗಳೂ ಮುದ್ರಣವಾದುವು. ಮೊದಲನೆಯದಕ್ಕೆ ಜಾರ್ಜ್ ವೆಲ್ಡನ್, ಉಳಿದೆರಡಕ್ಕೆ ಇಸ್ಸಾಯ್ ದೊಬ್ರೊವೆನ್ ಕೋಲು ಹಿಡಿದರು. ಆ ಕಾಲದ ಮುದ್ರಣದಲ್ಲಿ ಕತ್ತರಿಸಿ ಅಂಟಿಸುವುದೆಂಬುದಿಲ್ಲ. ಮೂರನೆಯ ನಿಮಿಷದಲ್ಲಿ ಬೆರಳೊಂದು ತಪ್ಪಿದರೆ ಆ ಮಗ್ಗುಲನ್ನೆಲ್ಲ ಮೊದಲಿನಿಂದ ನುಡಿಸಬೇಕು. ಹೃದ್ರೋಗಿಯಾದ ಅರುವತ್ತೇಳರ ಮುದುಕನು ತನ್ನ ಅತಿ ಕಠಿನವಾದ ರಚನೆಗಳನ್ನು ಹೀಗೆ ನಾಲ್ಕು ನಾಲ್ಕು ನಿಮಿಷದ ತುಂಡುಗಳಾಗಿ ನುಡಿಸಿದನೆಂಬುದನ್ನು ನೆನೆದು ಆ ತಟ್ಟೆಗಳನ್ನು ಕೇಳಿದರೆ, ಅಲ್ಲಿನ ಕೈಯ ನಿಶ್ಚಲತೆಯು ಆಶ್ಚರ್ಯವನ್ನುಂಟುಮಾಡುತ್ತದೆ. ಮೂಲೆಗಳು ಒರಟಾಗಿವೆ, ವಾದ್ಯವೃಂದದ ಧ್ವನಿಯು ಮುಸುಕಾಗಿದೆ. ಆದರೆ ಬೀಜವು ಯಾವುದು, ಎಲೆಯು ಯಾವುದು ಎಂಬುದನ್ನು ರಚಿಸಿದವನ ಬೆರಳು ತೋರಿಸಿದಂತೆ ಬೇರೆಯವರ ಬೆರಳು ಆ ಮೊದಲು ತೋರಿಸಿರಲಿಲ್ಲ.

ಕನ್ಚೆರ್ಟೋಗಳ ಬಳಿಕ ಹಾಡುಗಳು, ಚಿಕ್ಕ ರಚನೆಗಳು, ಸೊನಾಟಾಗಳು. 1904ರ ಸುಮಾರಿಗೆ ಮೊದಲುಮಾಡಿ ಮುಪ್ಪಿನ ವರೆಗೂ ಬಿಡದೆ ತಿದ್ದುತ್ತಿದ್ದ ಪಿಯಾನೋ ಪಂಚವಾದ್ಯವನ್ನು 1949ರಲ್ಲಿ ಮುದ್ರಿಸಲಾಯಿತು. 1950ರಲ್ಲಿ ಎಲಿಸಬೆತ್ ಷ್ವಾರ್ಟ್ಸ್‌ಕಾಫ್ ಎಂಬ ಪ್ರಸಿದ್ಧ ಗಾಯಕಿ ಆತನ ಪಿಯಾನೋ ಜೊತೆಯಲ್ಲಿ ಹಾಡಿದಳು. ಸೊಸೈಟಿಯ ಆಲ್ಬಮ್ಮುಗಳು ಮೂರು ಸಂಪುಟಗಳಾಗಿ ಹೊರಬಂದುವು. ‘ರಾತ್ರಿಯ ಗಾಳಿ’ ಅವುಗಳಲ್ಲಿ ಸೇರಲಿಲ್ಲ. ಎಲ್ಲವನ್ನೂ ಮುದ್ರಿಸಬೇಕೆಂಬ ಸಂಕಲ್ಪವು ಪೂರ್ಣವಾಗಲಿಲ್ಲ. 1951ರ ನವೆಂಬರ್ 13ರಂದು ಮೆಟ್ನರನು ಲಂಡನ್ನಿನಲ್ಲಿ ತೀರಿಕೊಂಡನು.

ಒಡೆಯರವರ ಔದಾರ್ಯವು ಈತನೊಬ್ಬನಲ್ಲಿಯೇ ನಿಲ್ಲಲಿಲ್ಲ. ಫಿಲ್ಹಾರ್ಮೋನಿಯಾಕ್ಕೆ ವರ್ಷಕ್ಕೆ ಹತ್ತು ಸಾವಿರ ಪೌಂಡಿನಂತೆ ಮೂರು ವರ್ಷ ಕೊಡಲೊಪ್ಪಿದರೆಂದು ಲೆಗ್ ಬರೆದಿದ್ದಾನೆ. ಬಾಲಾಕಿರೆವನ ಮೊದಲನೆಯ ಸಿಂಫನಿಯನ್ನು ಕರಾಯಾನ್ 1949ರಲ್ಲಿ ಮುದ್ರಿಸಿದುದೂ ಮೈಸೂರಿನ ನೆರವಿನಿಂದಲೇ. ದೇಶವು ಹೊಸದಾಗಿ ಸ್ವತಂತ್ರವಾಗಿ, ಸಂಸ್ಥಾನಗಳು ಕರಗುತ್ತಿದ್ದ ದಿನಗಳವು. ಪರದೇಶದ ಸಂಗೀತಕ್ಕೆ ಇಷ್ಟು ಹಣವೇಕೆಂದು ಕೇಳುವವರನ್ನು ತಪ್ಪೆನ್ನಲಾಗದು. ಈ ಪ್ರಶ್ನೆಗೆ ಸಂಗೀತದ ಒಳಗಿನಿಂದ ಉತ್ತರವು ದೊರೆಯಲಾರದು.

ಆಲ್ಬಮ್ಮುಗಳ ಗತಿಯೂ ಮೊದಲಲ್ಲಿ ಮಂಕಾಯಿತು. 1948ರಲ್ಲಿ ಅಮೆರಿಕೆಯಲ್ಲಿ ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತಿನ, ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮೀರಿ ನುಡಿಯುವ ತಟ್ಟೆ ಬಂದಿತ್ತು. ನಾಯಿಯ ಗುರುತಿನ ಸಂಸ್ಥೆಯೂ 1952ರಲ್ಲಿ ಅದಕ್ಕೆ ಶರಣಾಯಿತು. ಅರಗಿನ ಭಾರದ ತಟ್ಟೆಗಳು ಬೀರುಗಳಲ್ಲಿ ಉಳಿದುವು. ಮೆಟ್ನರನ ಹೆಂಡತಿ ಆನ್ನಾ 1958ರಲ್ಲಿ ರಷ್ಯಾಕ್ಕೆ ಮರಳಿದಳು. ಮಾಸ್ಕೋದಲ್ಲಿ ಆತನ ಸಮಗ್ರ ಕೃತಿಗಳು 1959ರಿಂದ 1963ರ ವರೆಗೆ ಹನ್ನೆರಡು ಸಂಪುಟಗಳಾಗಿ ಅಚ್ಚಾದುವು. ಬೇರೆ ವಾದಕರು ಆತನ ಕಡೆಗೆ ಹೆಚ್ಚಾಗಿ ತಿರುಗಿದುದು 1990ರ ದಶಕದಲ್ಲಿ. ಆಗ ಕೆನಡಾದ ಮಾರ್ಕ್-ಆಂದ್ರೆ ಆಮ್ಲಾನ್ ಹದಿನಾಲ್ಕು ಸೊನಾಟಾಗಳನ್ನೂ ಮುದ್ರಿಸಿದನು. ಅದೇ ದಶಕದಲ್ಲಿ ಮೆಟ್ನರನ ಸ್ವಂತ ಕನ್ಚೆರ್ಟೋ ಮುದ್ರಿಕೆಗಳು ಕಾಂಪ್ಯಾಕ್ಟ್ ಡಿಸ್ಕುಗಳಾಗಿ ಮತ್ತೆ ಹೊರಟುವು. ಮೂರನೆಯ ಕನ್ಚೆರ್ಟೋವಿನ ಸ್ವರಲಿಪಿಯನ್ನು ಬಿಚ್ಚುವ ಪಿಯಾನೋ ವಾದಕನಿಗೆ, ಆತನು ಯಾವ ದೇಶದವನೇ ಆಗಲಿ, ಮೊದಲ ಸ್ವರಕ್ಕಿಂತ ಮುಂಚೆ ಎದುರಾಗುವುದು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರವರಿಗೆ ಮೆಟ್ನರನು ಕೃತಜ್ಞತೆಯಿಂದ ಬರೆದ ಅರ್ಪಣೆ.