ಶಾಸ್ತ್ರ ಬಾರದವನ ಎಲ್.ಪಿ. ತಟ್ಟೆಗಳು

ಸಂಗೀತದ ವಿಚಾರವಾಗಿ ಬರೆಯುವವರಲ್ಲಿ ಸಾಮಾನ್ಯವಾಗಿ ಎರಡು ಬಗೆ. ಸ್ವತಃ ಹಾಡಬಲ್ಲವರು ಒಂದು ಬಗೆ. ಹಾಡುವವರ ತಪ್ಪನ್ನು ಹಿಡಿಯಬಲ್ಲವರು ಇನ್ನೊಂದು. ಈ ಎರಡು ಪಂಗಡಕ್ಕೂ ಸೇರದ ನನ್ನಂಥವರು ಬಹಳ ಮಂದಿ ಇದ್ದೇವೆ. ರಾಗದ ಹೆಸರನ್ನು ತಟ್ಟೆಯ ಹೊದಿಕೆಯ ಮೇಲೆ ಓದಿಯೇ ತಿಳಿಯುವವರು, ಸಮ ಬಂತೆಂಬುದನ್ನು ಪಕ್ಕದವರ ತಲೆ ಅಲ್ಲಾಡಿದಾಗ ಅರಿಯುವವರು. ಹಿಂದಿನ ಕಾಲದ ಸಂಗೀತದ ಕಥೆಯಲ್ಲಿ ನಮಗೆ ಜಾಗವಿರಲಿಲ್ಲ. ಆಸ್ಥಾನದಲ್ಲಿ ಅರಸನಿದ್ದ, ಗುರುವಿನ ಮನೆಯಲ್ಲಿ ಶಿಷ್ಯನಿದ್ದ, ಸಭೆಯಲ್ಲಿ ರಸಿಕನಿದ್ದ. ಸುಮ್ಮನೆ ಕೇಳುವವನು, ಅದೂ ಬೇಕೆಂದಾಗ ಬೇಕಾದಷ್ಟು ಸಲ ಕೇಳುವವನು, ಹುಟ್ಟಿದ್ದು ಗ್ರಾಮಫೋನಿನ ಜೊತೆಗೆ. ಅವನ ಕಡೆಯಿಂದ ಈ ಇತಿಹಾಸವನ್ನು ಒಮ್ಮೆ ನೋಡೋಣವೆಂದು ಈ ಬರಹ.

ನಮ್ಮ ದೇಶದಲ್ಲಿ ಕಥೆ ಶುರುವಾಗುವುದು 1902ರ ನವೆಂಬರಿನಲ್ಲಿ, ಕಲ್ಕತ್ತೆಯಲ್ಲಿ. ಇಂಗ್ಲೆಂಡಿನ ಗ್ರಾಮಫೋನ್ ಕಂಪನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ ಯಂತ್ರಗಳನ್ನು ಹೊತ್ತು ಬಂದು ಇಳಿದ. ಅವನ ಕಹಳೆಯ ಮುಂದೆ ಹಾಡಿದವರಲ್ಲಿ ಗೌಹರ್ ಜಾನ್ ಪ್ರಮುಖಳು. ಹಾಡಿನ ಕೊನೆಯಲ್ಲಿ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಕೂಗಿ ಹೇಳುವುದು ಇಂದಿಗೂ ಕೇಳುತ್ತದೆ. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿಯಬೇಕಲ್ಲ, ಅದಕ್ಕಾಗಿ ಈ ಉಪಾಯ. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಶುರುವಾದ ಮೇಲೆ ಆ ದೂರದ ಪ್ರಯಾಣ ತಪ್ಪಿತು. ಗೌಹರ್ ಜಾನಳ ಕೊನೆಯ ದಿನಗಳು ಕಳೆದದ್ದು ನಮ್ಮ ಮೈಸೂರಿನಲ್ಲಿ. 1928ರಲ್ಲಿ ಆಕೆ ಅರಮನೆಯ ಗಾಯಕಿಯಾಗಿ ಬಂದಳು. 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡಳು.

ಆ ಕಾಲದ ತಟ್ಟೆ ಅರಗಿನದು. ಅದಕ್ಕೆ ಬೇಕಾದ ಅರಗು ಬಹುಪಾಲು ನಮ್ಮ ದೇಶದ್ದೇ. ನಿಮಿಷಕ್ಕೆ 78 ಸುತ್ತು ತಿರುಗಿದರೆ ಒಂದು ಮುಖಕ್ಕೆ ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಹಾಡುತ್ತಿದ್ದ ವಿದ್ವಾಂಸರು ಆ ಮೂರು ನಿಮಿಷದೊಳಗೆ ರಾಗವನ್ನು ತೋರಿಸಿ, ಬಂದಿಶನ್ನು ಹಾಡಿ, ಎರಡು ತಾನು ಹೊಡೆದು ಮುಗಿಸಬೇಕಿತ್ತು. ಇದರಲ್ಲೂ ಒಂದು ಸೊಗಸಿದೆ ಎಂಬುದು ನಿಜವೇ. 1930ರ ದಶಕದಲ್ಲಿ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ಮೊದಲ ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದವು. ಅವುಗಳಲ್ಲಿ ಕೇಳುವುದು ಸಣ್ಣ, ಎತ್ತರದ ಹೆಣ್ಣುದನಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಬಂದ ಆ ಗಂಭೀರ ಕಂಠವನ್ನಷ್ಟೇ ಬಲ್ಲವರಿಗೆ ಇವರೇ ಅವರೆಂದು ನಂಬುವುದು ಕಷ್ಟ. ನನಗಂತೂ ಆ ಪುಟ್ಟ ತಟ್ಟೆಗಳು ದೊಡ್ಡವರೊಬ್ಬರ ಬಾಲ್ಯದ ಭಾವಚಿತ್ರದಂತೆ ತೋರುತ್ತವೆ: ಇಷ್ಟವಾಗುತ್ತದೆ, ಆದರೆ ಅದು ಚಿತ್ರವಷ್ಟೇ, ಆಳಲ್ಲ.

‘ಆಲ್ಬಂ’ ಎಂಬ ಮಾತು ಬಂದದ್ದೂ ಈ ಇಕ್ಕಟ್ಟಿನಿಂದಲೇ. ಪಾಶ್ಚಾತ್ಯರ ಒಂದು ಸಿಂಫನಿಯನ್ನು ನಾಲ್ಕೈದು ತಟ್ಟೆಗಳಿಗೆ ತುಂಡರಿಸಿ, ಅವನ್ನು ಫೋಟೋ ಆಲ್ಬಮ್ಮಿನಂತೆ ಹೊಲಿದ ಪುಸ್ತಕದ ಲಕೋಟೆಗಳಲ್ಲಿಟ್ಟು ಮಾರುತ್ತಿದ್ದರು. 1948ರ ಜೂನ್‌ನಲ್ಲಿ ಅಮೆರಿಕದ ಕೊಲಂಬಿಯ ಕಂಪನಿ ನಿಮಿಷಕ್ಕೆ 33⅓ ಸುತ್ತು ತಿರುಗುವ ತಟ್ಟೆಯನ್ನು ಹೊರತಂದಿತು. ಅರಗಿಗೆ ಬದಲು ವಿನೈಲ್, ಕೂದಲೆಳೆಯಂಥ ಗೆರೆಗಳು, ಮುಖವೊಂದಕ್ಕೆ ಇಪ್ಪತ್ತು ನಿಮಿಷಕ್ಕೂ ಮಿಗಿಲಾದ ಅವಕಾಶ. ಪುಸ್ತಕ ಹೋಯಿತು, ಹೆಸರು ಮಾತ್ರ ಉಳಿಯಿತು.

ಈ ಇಪ್ಪತ್ತು ನಿಮಿಷದ ಬೆಲೆಯನ್ನು ನಮ್ಮ ಸಂಗೀತದವರಿಗಿಂತ ಚೆನ್ನಾಗಿ ಯಾರು ಬಲ್ಲರು? 1955ರಲ್ಲಿ ಅಲಿ ಅಕ್ಬರ್ ಖಾನರು ನ್ಯೂಯಾರ್ಕಿಗೆ ಹೋದಾಗ ಸಿಂಧು ಭೈರವಿ ಮತ್ತು ಪೀಲೂ ರಾಗಗಳನ್ನು ಒಂದು ಎಲ್.ಪಿ.ಗೆ ನುಡಿಸಿದರು, ತಬಲಾ ಚತುರಲಾಲರದು. ಪಶ್ಚಿಮದಲ್ಲಿ ಹೊರಬಂದ ನಮ್ಮ ಶಾಸ್ತ್ರೀಯ ಸಂಗೀತದ ಮೊದಲ ಎಲ್.ಪಿ. ಇದೆಂದು ಹೇಳುತ್ತಾರೆ. ಪಿಟೀಲು ವಾದಕ ಯೆಹೂದಿ ಮೆನುಹಿನ್ ಅದರಲ್ಲಿ ವಾದ್ಯವೇನು, ರಾಗವೇನು, ತಾಳವೇನು ಎಂದು ತಮ್ಮ ದನಿಯಲ್ಲೇ ವಿವರಿಸುತ್ತಾರೆ. ಆ ಮಾತುಗಳನ್ನು ಕೇಳಿದಾಗ ನನಗೆ ಸಂತೋಷವಾದದ್ದು ಬೇರೆ ಕಾರಣಕ್ಕೆ. ಅಮೆರಿಕದ ಯಾವುದೋ ಮನೆಯಲ್ಲಿ ಏನೂ ತಿಳಿಯದ ಒಬ್ಬ ಕೇಳುಗನಿದ್ದಾನೆ, ಅವನನ್ನು ಕೈಹಿಡಿದು ಒಳಗೆ ಕರೆಯಬೇಕು ಎಂದು ಅಷ್ಟು ದೊಡ್ಡ ಕಲಾವಿದನಿಗೆ ಅನ್ನಿಸಿತಲ್ಲ! ಸಿಂಧು ಭೈರವಿ ನಮ್ಮ ಕಿವಿಗೆ ಹೊಸದಲ್ಲದಿದ್ದರೂ ಆ ತಟ್ಟೆಯಲ್ಲಿ ಅದನ್ನು ಅತಿಥಿಗಳ ಮುಂದೆ ಮನೆಯವರು ಹೊಸ ಸೀರೆಯುಟ್ಟು ಬಂದಂತೆ ಕೇಳಬಹುದು.

ಆಮೇಲೆ ಬಂದದ್ದು ಅಮೀರ್ ಖಾನರ ಎಲ್.ಪಿ. ಒಂದು ಮುಖದಲ್ಲಿ ಮಾರವಾ, ಇನ್ನೊಂದರಲ್ಲಿ ದರಬಾರಿ. ಮಾರವಾದಲ್ಲಿ ಪಂಚಮವಿಲ್ಲ; ಷಡ್ಜವಿದ್ದರೂ ಗಾಯಕ ಅಲ್ಲಿಗೆ ಬೇಗ ಬರುವುದಿಲ್ಲ, ಕೋಮಲ ರಿಷಭ ಮತ್ತು ಧೈವತಗಳ ಸುತ್ತಲೇ ಸುಳಿದಾಡುತ್ತಾನೆ ಎಂದು ಬಲ್ಲವರು ಹೇಳುತ್ತಾರೆ. ನನಗೆ ತಿಳಿಯುವ ಭಾಷೆಯಲ್ಲಿ ಹೇಳುವುದಾದರೆ, ಮನೆ ಕಣ್ಣಿಗೆ ಕಾಣುತ್ತಿದ್ದರೂ ಮನೆಗೆ ಹೋಗಲಾಗದವನ ಸಂಜೆ ಅದು. ಊರು ಬಿಟ್ಟು ಬಂದು ಮಹಾನಗರದಲ್ಲಿ ನೆಲೆಸಿದ ನಮ್ಮಂಥವರಿಗೆ ಅದನ್ನು ಅರ್ಥಮಾಡಿಸಲು ಯಾವ ಶಾಸ್ತ್ರವೂ ಬೇಡ. ಆದರೆ ಮೂರು ನಿಮಿಷದಲ್ಲಿ ಅದು ಆಗುವ ಮಾತಲ್ಲ. ಕಾಯಿಸುವುದೇ ಆ ರಾಗದ ಗುಣ. ಕಾಯಿಸಲು ವೇಳೆ ಬೇಕು.

ಇಷ್ಟು ಹೊತ್ತು ಹೇಳಿದ ತಟ್ಟೆಗಳೆಲ್ಲ ಕಛೇರಿಯ ನೆರಳುಗಳು. ಕಛೇರಿ ದೊಡ್ಡದು, ತಟ್ಟೆ ಅದರ ಸಣ್ಣ ಪ್ರತಿ. ಈ ಸಂಬಂಧ ತಲೆಕೆಳಗಾದ ಬಗೆಯನ್ನು ತಿಳಿಯಬೇಕಾದರೆ ನ್ಯೂಯಾರ್ಕಿನ ಮೂವತ್ತನೆಯ ಬೀದಿಗೆ ಹೋಗಬೇಕು. ಅಲ್ಲಿದ್ದ ಒಂದು ಹಳೆಯ ಇಗರ್ಜಿಯನ್ನು ಕೊಲಂಬಿಯ ಕಂಪನಿ ಮುದ್ರಣಶಾಲೆಯಾಗಿ ಮಾಡಿಕೊಂಡಿತ್ತು. ಎತ್ತರದ ಸೂರು, ಮರದ ನೆಲ. ದನಿ ಅಲ್ಲಿ ಗುಂಯ್‌ಗುಡುತ್ತಿತ್ತಂತೆ.

1955ರ ಜೂನ್‌ನಲ್ಲಿ ಕೆನಡಾದ 22 ವರ್ಷದ ತರುಣ ಗ್ಲೆನ್ ಗೂಲ್ಡ್ ಆ ಕೊಠಡಿಯಲ್ಲಿ ಪಿಯಾನೋ ಮುಂದೆ ಕುಳಿತು ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ನುಡಿಸಿದ. 1741ರಲ್ಲಿ ಅಚ್ಚಾದ ಕೃತಿ ಅದು: ಮೊದಲು ಒಂದು ಸರಳ ರಾಗಮಾಲಿಕೆಯಂಥ ಧಾಟಿ, ಅದರ ತಳಹದಿಯ ಮೇಲೆ ಮೂವತ್ತು ಬಗೆಯ ಕಟ್ಟಡ, ಕೊನೆಗೆ ಮತ್ತೆ ಅದೇ ಧಾಟಿ. ಗೂಲ್ಡ್ ಅದನ್ನು 38 ನಿಮಿಷದಲ್ಲಿ ಮುಗಿಸಿಬಿಟ್ಟ. ನುಡಿಸುವಾಗ ತಾನೂ ಗುನುಗುತ್ತಿದ್ದ. ಅದೂ ತಟ್ಟೆಯಲ್ಲಿ ಕೇಳುತ್ತದೆ. ಪಾಶ್ಚಾತ್ಯ ಸಂಗೀತವೆಂದರೆ ಕೋಟು ಬೂಟು ಹಾಕಿ ಉಸಿರು ಬಿಗಿಹಿಡಿದು ಕೇಳಬೇಕಾದದ್ದು ಎಂಬ ಭಯ ನನ್ನಲ್ಲಿ ಹೋದದ್ದು ಆ ಗುನುಗಿನಿಂದ. 1964ರಲ್ಲಿ ಗೂಲ್ಡ್ ಕಛೇರಿ ಕೊಡುವುದನ್ನೇ ನಿಲ್ಲಿಸಿದ. ಮುಂದೆ ಅವನು ನುಡಿಸಿದ್ದೆಲ್ಲ ಮೈಕಿನ ಮುಂದೆ. 1981ರಲ್ಲಿ ಅದೇ ಕೊಠಡಿಗೆ ಬಂದು ಅದೇ ಕೃತಿಯನ್ನು ಮತ್ತೆ ನುಡಿಸಿದ. ಈ ಸಲ 51 ನಿಮಿಷ. ಮುಂದಿನ ವರ್ಷ ತಟ್ಟೆ ಹೊರಬಂದ ಕೆಲವೇ ದಿನಗಳಲ್ಲಿ, ಐವತ್ತನೆಯ ವಯಸ್ಸಿಗೆ ತೀರಿಹೋದ. ಎರಡನ್ನೂ ಒಂದರ ಹಿಂದೊಂದು ಕೇಳಿದರೆ ಮನುಷ್ಯನ ವಯಸ್ಸೆಂದರೇನು ಎಂಬುದು ತಿಳಿಯುತ್ತದೆ. ಮೊದಲನೆಯದರಲ್ಲಿ ಮೆಟ್ಟಿಲು ಹಾರಿ ಇಳಿಯುವ ಹುಡುಗ; ಎರಡನೆಯದರಲ್ಲಿ ಪ್ರತಿ ಮೆಟ್ಟಿಲನ್ನೂ ಮುಟ್ಟಿ ನೋಡುವ ಮಧ್ಯವಯಸ್ಕ.

ಅದೇ ಕೊಠಡಿಯಲ್ಲಿ 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು ಮೈಲ್ಸ್ ಡೇವಿಸ್ ಎಂಬ ನೀಗ್ರೋ ಜನಾಂಗದ ತುತ್ತೂರಿಗಾರ ತನ್ನ ಮೇಳದೊಡನೆ ‘ಕೈಂಡ್ ಆಫ್ ಬ್ಲೂ’ ಎಂಬ ಜಾಝ್ ಆಲ್ಬಮ್ಮನ್ನು ಮುದ್ರಿಸಿದ. ಜಾಝ್ ಎಂದರೆ ಗದ್ದಲವೆಂದು ತಿಳಿದವರು ಇದನ್ನು ಕೇಳಬೇಕು. ಮೊದಲ ಸಲ ಕೇಳಿದಾಗ ಇದೇನೋ ನಮ್ಮದೇ ಎನ್ನಿಸಿತು, ಏಕೆಂದು ಹೊಳೆಯಲಿಲ್ಲ. ಕಾರಣ ಸರಳ. ಅಲ್ಲಿಯವರೆಗೆ ಜಾಝ್‌ನಲ್ಲಿ ಸ್ವರಮೇಳಗಳು ಬೇಗಬೇಗ ಬದಲಾಗುತ್ತಿದ್ದವು. ಡೇವಿಸ್ ಅದನ್ನು ಬಿಟ್ಟು ಒಂದೇ ಸ್ವರಶ್ರೇಣಿಯಲ್ಲಿ ಬಹಳ ಹೊತ್ತು ನಿಂತ. ಆಲ್ಬಮ್ಮಿನ ಮೊದಲ ರಚನೆಯಲ್ಲಿ ಬರುವ ಶ್ರೇಣಿಯನ್ನು ಅವರು ಡೋರಿಯನ್ ಎನ್ನುತ್ತಾರೆ. ನಾವು ಖರಹರಪ್ರಿಯ ಎನ್ನುತ್ತೇವೆ, ಉತ್ತರದವರು ಕಾಫಿ ಥಾಟ್ ಎನ್ನುತ್ತಾರೆ. ನಡುವೆ ಎಂಟು ಆವರ್ತ ಆಧಾರ ಸ್ವರವನ್ನೇ ಅರ್ಧ ಮೆಟ್ಟಿಲು ಮೇಲಕ್ಕೆತ್ತಿ, ಮತ್ತೆ ಕೆಳಗಿಳಿಸುತ್ತಾರೆ. ಕಿವಿ ಗುರುತು ಹಿಡಿದಿತ್ತು. ಹೆಸರು ಆಮೇಲೆ ಸಿಕ್ಕಿತು.

ಈ ತಟ್ಟೆಯದೊಂದು ಸ್ವಾರಸ್ಯವಿದೆ. ಮೊದಲ ದಿನ ಬಳಸಿದ ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡುತ್ತಿತ್ತು. ಹೀಗಾಗಿ ಸರಿಯಾದ ವೇಗದಲ್ಲಿ ನುಡಿಸಿದಾಗ ಮೊದಲ ಮುಖದ ಮೂರು ರಚನೆಗಳೂ ತುಸು ಏರು ಶ್ರುತಿಯಲ್ಲಿ ಕೇಳುತ್ತಿದ್ದವು. ಅದನ್ನು ಸರಿಪಡಿಸಿದ್ದು 1992ರಲ್ಲಿ. ಮೂವತ್ತಮೂರು ವರ್ಷ ಲಕ್ಷಾಂತರ ಜನ ಶ್ರುತಿ ತಪ್ಪಿದ ಮುಖವನ್ನೇ ಮನಸಾರೆ ಮೆಚ್ಚಿದರು. ತಟ್ಟೆಯೆಂದರೆ ಇದ್ದದ್ದನ್ನು ಇದ್ದಂತೆ ತೋರುವ ಕನ್ನಡಿಯಲ್ಲ, ಯಂತ್ರವೂ ಮೇಳದಲ್ಲೊಬ್ಬ ಪಕ್ಕವಾದ್ಯದವನೇ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಗೂಲ್ಡ್‌ನಂತೆಯೇ ವೇದಿಕೆ ಬಿಟ್ಟವರು ಬೀಟಲ್ಸ್. 1963ರಲ್ಲಿ ಅವರ ಮೊದಲ ಎಲ್.ಪಿ.ಯ ಹತ್ತು ಹಾಡುಗಳು ಒಂದೇ ದಿನದಲ್ಲಿ ಮುದ್ರಣವಾಗಿದ್ದವು. 1966ರ ಆಗಸ್ಟ್‌ನಲ್ಲಿ ಪ್ರವಾಸದ ಕಛೇರಿಗಳನ್ನು ನಿಲ್ಲಿಸಿದ ಮೇಲೆ ‘ಸಾರ್ಜಂಟ್ ಪೆಪ್ಪರ್ಸ್’ ಆಲ್ಬಮ್ಮಿಗೆ ಅವರು ತಿಂಗಳುಗಟ್ಟಲೆ ಕುಳಿತರು. 1967ರಲ್ಲಿ ಬಂದ ಆ ತಟ್ಟೆಯ ಹೊದಿಕೆಯ ಹಿಂದೆ ಹಾಡುಗಳ ಸಾಹಿತ್ಯವನ್ನು ಅಚ್ಚುಹಾಕಿದ್ದರು. ಕುಳಿತು ಓದುತ್ತ ಕೇಳಲಿ ಎಂಬುದು ಉದ್ದೇಶ. ನನಗೆ ಅದರ ಅರ್ಧ ಹಾಡುಗಳು ಜಾತ್ರೆಯ ಗಲಾಟೆಯಂತೆ ಕೇಳುತ್ತವೆ ಎಂದು ಸಂಕೋಚವಿಲ್ಲದೆ ಹೇಳುತ್ತೇನೆ. ಆದರೆ ಎರಡನೆಯ ಮುಖದ ಆರಂಭದಲ್ಲಿ ತಂಬೂರಿ ಮಿಡಿದು ದಿಲ್‌ರುಬಾ ಎದ್ದಾಗ ಯಾರೇ ಆಗಲಿ ಕಿವಿ ನಿಮಿರಿಸಬೇಕು. ಜಾರ್ಜ್ ಹ್ಯಾರಿಸನ್ನನ ಆ ಹಾಡಿಗೆ ನುಡಿಸಿದ ಭಾರತೀಯರು ಲಂಡನ್ನಿನ ಏಷ್ಯನ್ ಮ್ಯೂಸಿಕ್ ಸರ್ಕಲ್ಲಿನ ಮೂಲಕ ಬಂದವರು. ಅದನ್ನು ಕಟ್ಟಿದವರು ಆಯನ ಅಂಗಡಿ ಮತ್ತು ಅವರ ಪತ್ನಿ ಪೆಟ್ರೀಶಿಯಾ. ಈ ಅಂಗಡಿಯವರು ನಮ್ಮ ಕನ್ನಡನಾಡಿನ ಜಕನೂರಿನಲ್ಲಿ ಹುಟ್ಟಿ 1920ರ ದಶಕದಲ್ಲಿ ಇಂಗ್ಲೆಂಡಿಗೆ ಹೋದವರು. ಹ್ಯಾರಿಸನ್ ಮೊದಲು ರವಿಶಂಕರರನ್ನು ಕಂಡದ್ದೂ 1966ರಲ್ಲಿ ಅವರ ಮನೆಯಲ್ಲೇ. ಪರನಾಡಿಗೆ ಹೋದ ಒಬ್ಬ ಕನ್ನಡಿಗ ತೆರೆದಿಟ್ಟ ಬಾಗಿಲಿನಿಂದ ಎಷ್ಟು ದೂರದವರು ಒಳಗೆ ಬಂದರು ನೋಡಿ!

ಅದೇ 1967ರಲ್ಲಿ ನಮ್ಮಲ್ಲೂ ವೇದಿಕೆಗೆಂದಲ್ಲದೆ ತಟ್ಟೆಗೆಂದೇ ಕಟ್ಟಿದ ಒಂದು ಕೃತಿ ಬಂತು: ‘ಕಾಲ್ ಆಫ್ ದ ವ್ಯಾಲಿ’. ಎಚ್.ಎಂ.ವಿ.ಯ ಜಿ.ಎನ್. ಜೋಶಿಯವರ ನಿರ್ಮಾಣ, ಸಂತೂರಿಗೆ ಶಿವಕುಮಾರ ಶರ್ಮಾ, ಕೊಳಲಿಗೆ ಹರಿಪ್ರಸಾದ ಚೌರಾಸಿಯಾ, ಗಿಟಾರಿಗೆ ಬ್ರಿಜ್‌ಭೂಷಣ ಕಾಬ್ರಾ. ಕಾಶ್ಮೀರದ ಕುರಿಗಾಹಿಯ ಒಂದು ದಿನ. ಬೆಳಗಿನ ಅಹಿರ್ ಭೈರವದಿಂದ ರಾತ್ರಿಯ ಪಹಾಡಿಯವರೆಗೆ ರಾಗಗಳು ಹೊತ್ತಿಗನುಗುಣವಾಗಿ ಬರುತ್ತವೆ. ಪಂಡಿತರು ಇದನ್ನು ಹಗುರವೆಂದದ್ದುಂಟು. ಇರಬಹುದು. ಆದರೆ ರಾಗಕ್ಕೂ ಗಳಿಗೆಗೂ ಇರುವ ನಂಟನ್ನು ನನಗೆ ಕಲಿಸಿದ್ದು ಯಾವ ಗ್ರಂಥವೂ ಅಲ್ಲ, ಆ ತಟ್ಟೆ. ಕನ್ನಡದಲ್ಲಿ ಆ ಕೆಲಸವನ್ನು 1978ರ ‘ನಿತ್ಯೋತ್ಸವ’ ಕ್ಯಾಸೆಟ್ ಮಾಡಿತು. ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ಸಂಗೀತ. ಪುಸ್ತಕದಂಗಡಿ ಇಲ್ಲದ ಪರಊರಿನ ಕನ್ನಡಿಗರ ಮನೆಗೆ ಕವಿತೆ ಕಿಸೆಯಲ್ಲಿ ಕುಳಿತು ಬಂತು.

ಈಗ ಕಿಸೆಯ ಫೋನಿನಲ್ಲಿ ಎಲ್ಲವೂ ಇದೆ. ಇದನ್ನು ಹಳಿಯುವುದು ಸಲ್ಲದು. ಒಂದು ಕಾಲಕ್ಕೆ ಹಂಬಲಿಸಿ ಹುಡುಕಿದ್ದು ಇಂದು ಕ್ಷಣದಲ್ಲಿ ಸಿಗುತ್ತದೆ. ಆದರೆ ಅಲ್ಲಿ ಹಾಡುಗಳು ಕೂಡಿದ ಮಾಲೆಯಾಗಿರದೆ ಉದುರಿದ ಹೂವಾಗಿರುತ್ತವೆ. ಪಹಾಡಿ ಮೊದಲು, ಅಹಿರ್ ಭೈರವ ಆಮೇಲೆ, ನಡುವೆ ಒಂದು ಜಾಹೀರಾತು. ಕುರಿಗಾಹಿಯ ದಿನಕ್ಕೆ ಬೆಳಗೇ ಆಗುವುದಿಲ್ಲ. ಇದು ಹಲವರಿಗೆ ಅರಿವಾಗಿರುವಂತಿದೆ. 2022ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಎಲ್.ಪಿ.ಗಳ ಸಂಖ್ಯೆ ಸಿ.ಡಿ.ಗಳದನ್ನು ಮೀರಿತು; 1987ರ ನಂತರ ಹಾಗಾದದ್ದು ಅದೇ ಮೊದಲು.

ಶಾಸ್ತ್ರ ಬಾರದವನಿಗೆ ಇರುವ ಆಸ್ತಿ ಒಂದೇ: ಪೂರ್ತಿ ಕೇಳುವ ತಾಳ್ಮೆ, ಮತ್ತೆ ಕೇಳುವ ಆಸೆ. ಇದನ್ನು ಉಳಿಸಿಕೊಳ್ಳಲು ನಮ್ಮಂಥ ಸಂಘಗಳು ಒಂದು ಸಣ್ಣ ಕೆಲಸ ಮಾಡಬಹುದು. ತಿಂಗಳಿಗೊಂದು ಶನಿವಾರ ಸಂಜೆ, ಭಾಷಣವಿಲ್ಲದೆ, ಹಾರವಿಲ್ಲದೆ, ಒಂದು ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಎಲ್ಲರೂ ಕುಳಿತು ಕೇಳುವುದು. ಮುಖ ತಿರುವಿ ಹಾಕುವ ಹೊತ್ತಿನಲ್ಲಿ ಒಂದೊಂದು ಲೋಟ ಕಾಫಿ. ಅಟ್ಟದ ಮೇಲೆ ಹಳೆಯ ತಟ್ಟೆಗಳಿರುವವರು ಧೂಳು ಒರೆಸಿ ತರಲಿ. ಮೊದಲ ಶನಿವಾರಕ್ಕೆ ಮಾರವಾ ಆದೀತು.