ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ ವಿದ್ಯಾರ್ಥಿ ಸಂಘ

ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ (ಜೆಎನ್‌ಯು) ವಿದ್ಯಾರ್ಥಿಗಳ ಚುನಾಯಿತ ಸಂಸ್ಥೆ. 1969ರಲ್ಲಿ ವಿಶ್ವವಿದ್ಯಾಲಯ ಆರಂಭವಾಯಿತು. ಸಂಘದ ಚರಿತ್ರೆ 1970ರ ದಶಕದ ಮೊದಲ ವರ್ಷಗಳಿಂದ ಶುರುವಾಗುತ್ತದೆ. ಅಧ್ಯಕ್ಷ, ಉಪಾಧ್ಯಕ್ಷ, ಪ್ರಧಾನ ಕಾರ್ಯದರ್ಶಿ, ಜಂಟಿ ಕಾರ್ಯದರ್ಶಿ ಈ ನಾಲ್ವರನ್ನು ಎಲ್ಲ ವಿದ್ಯಾರ್ಥಿಗಳೂ ನೇರವಾಗಿ ಚುನಾಯಿಸುತ್ತಾರೆ. ಇವರ ಜೊತೆಗೆ ಪ್ರತಿಯೊಂದು ಅಧ್ಯಯನ ಶಾಲೆಯೂ ತನ್ನ ಕೌನ್ಸಿಲರ್‌ಗಳನ್ನು ಆರಿಸಿ ಕಳಿಸುತ್ತದೆ. ಪತ್ರಿಕೆಗಳ ಮಟ್ಟಿಗೆ ಇದು ಎಡಪಂಥದ ಕೋಟೆ. ಆ ಮಾತಿನಲ್ಲಿ ಹುರುಳಿಲ್ಲವೆಂದಲ್ಲ, ಆದರೆ ಸಂಘದ ಮಹತ್ವ ಅದರ ಬಣ್ಣದಲ್ಲಿಲ್ಲ. ಚುನಾವಣೆಯ ನಿಯಮಗಳೂ ಉಸ್ತುವಾರಿಯೂ ದೀರ್ಘಕಾಲ ವಿದ್ಯಾರ್ಥಿಗಳ ಕೈಯಲ್ಲೇ ಉಳಿದವು ಎಂಬುದೇ ಅದನ್ನು ದೇಶದ ಬೇರೆ ಸಂಘಗಳಿಂದ ಬೇರ್ಪಡಿಸುತ್ತದೆ.

ಇಲ್ಲಿ ಮತಪಟ್ಟಿಗೆಗೆ ಕಾವಲು ಕೂರುವವರು, ಮತ ಎಣಿಸುವವರು, ತಕರಾರು ತೀರ್ಮಾನಿಸುವವರು ವಿದ್ಯಾರ್ಥಿಗಳದೇ ಚುನಾವಣಾ ಆಯೋಗದವರು. ಪ್ರಚಾರವೆಂದರೆ ಕೈಬರಹದ ಪೋಸ್ಟರ್, ಊಟದ ಹೊತ್ತಿಗೆ ಮೆಸ್ಸಿನ ಮೇಜುಗಳ ಮೇಲೆ ಬಂದು ಬೀಳುವ ಕರಪತ್ರ, ಊಟ ಮುಗಿದ ಮೇಲೆ ಅಲ್ಲೇ ನಡೆಯುವ ಸಭೆ. ಮತದಾನಕ್ಕೆ ಮುಂಚೆ ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳೆಲ್ಲ ಒಂದೇ ವೇದಿಕೆ ಏರುತ್ತಾರೆ. ಡಫ್ಲಿಗಳ ಸದ್ದು, ಘೋಷಣೆ, ಎದುರಾಳಿಗಳ ಅಡ್ಡಪ್ರಶ್ನೆಗಳ ನಡುವೆ ರಾತ್ರಿ ಬಹಳ ಹೊತ್ತು ಸಾಗುವ ಈ ಚರ್ಚೆಯಲ್ಲಿ ಹಾಸ್ಟೆಲ್ ಶುಲ್ಕದಿಂದ ಪ್ಯಾಲೆಸ್ಟೀನಿನವರೆಗೆ ಯಾವುದಕ್ಕೂ ಉತ್ತರ ಕೊಡಬೇಕಾಗುತ್ತದೆ. ಇದಕ್ಕಿಂತಲೂ ಗಮನಾರ್ಹವಾದದ್ದು, ಹೊರಗಿನವರ ಕಣ್ಣಿಗೆ ಅಷ್ಟಾಗಿ ಬೀಳದ ಸಾಮಾನ್ಯ ಸಭೆಗಳು. ಅವಧಿ ಮುಗಿಸಿದ ಕೌನ್ಸಿಲರ್‌ಗಳು ತಮ್ಮ ಶಾಲೆಯ ವಿದ್ಯಾರ್ಥಿಗಳ ಮುಂದೆ ಕೆಲಸದ ವರದಿ ಇಡಬೇಕು. ಸಭೆ ಅದನ್ನು ಒಪ್ಪಬಹುದು, ತಳ್ಳಿಹಾಕಲೂಬಹುದು. ನಮ್ಮ ಶಾಸಕರು ಇಂಥ ಪರೀಕ್ಷೆಗೆ ಕೂತ ಉದಾಹರಣೆ ಸಿಗುವುದು ಕಷ್ಟ.

ಈ ಸ್ವಾಯತ್ತತೆ ಬರೀ ಆಚರಣೆಯಾಗಿರಲಿಲ್ಲ ಎನ್ನುವುದಕ್ಕೆ ತುರ್ತುಪರಿಸ್ಥಿತಿಯ ಕಾಲ ಸಾಕ್ಷಿ. 1975ರಲ್ಲಿ ಡಿ.ಪಿ. ತ್ರಿಪಾಠಿ ಅಧ್ಯಕ್ಷರಾಗಿದ್ದರು. ಚುನಾಯಿತ ಕೌನ್ಸಿಲರ್ ಒಬ್ಬರನ್ನು ವಿಶ್ವವಿದ್ಯಾಲಯದಿಂದ ಹೊರಹಾಕಿದ್ದನ್ನು ವಿರೋಧಿಸಿ ಸಂಘ ಮುಷ್ಕರ ಹೂಡಿತು. ಆಗ ಪೊಲೀಸರು ತ್ರಿಪಾಠಿ ಎಂದುಕೊಂಡು ಇನ್ನೊಬ್ಬ ವಿದ್ಯಾರ್ಥಿ ಪ್ರಬೀರ್ ಪುರಕಾಯಸ್ಥರನ್ನು ಎತ್ತಿಕೊಂಡು ಹೋದರು. 1977ರಲ್ಲಿ ಚುನಾವಣೆ ಸೋತ ಮೇಲೂ ಇಂದಿರಾ ಗಾಂಧಿ ಕುಲಾಧಿಪತಿಯಾಗಿ ಮುಂದುವರಿದಾಗ, ಸಂಘದ ಆಗಿನ ಅಧ್ಯಕ್ಷ ಸೀತಾರಾಮ ಯೆಚೂರಿ ವಿದ್ಯಾರ್ಥಿಗಳೊಂದಿಗೆ ಅವರ ಮನೆಗೇ ಹೋಗಿ, ರಾಜೀನಾಮೆ ಕೇಳುವ ಮನವಿಯನ್ನು ಎದುರೆದುರು ಓದಿದರು. ಬಳಿಕ ಇಂದಿರಾ ಆ ಸ್ಥಾನ ಬಿಟ್ಟರು. ಸುದ್ದಿಯಾಗದ ಕೆಲಸವೂ ಇದೆ. ಹಿಂದುಳಿದ ಪ್ರದೇಶಗಳಿಂದ ಬಂದ ಅಭ್ಯರ್ಥಿಗಳಿಗೆ ಪ್ರವೇಶದಲ್ಲಿ ಹೆಚ್ಚುವರಿ ಅಂಕ ಕೊಡುವ ಪದ್ಧತಿ 1983ರಲ್ಲಿ ಕ್ಯಾಂಪಸ್ಸಿನಲ್ಲಿ ನಡೆದ ಗಲಭೆಯ ನಂತರ ರದ್ದಾಯಿತು. ಅದು 1990ರ ದಶಕದಲ್ಲಿ ಮರಳಿ ಬಂದದ್ದರ ಹಿಂದೆ ಸಂಘದ ಒತ್ತಾಯವಿತ್ತು.

ಇಂಥ ವಿದ್ಯಾರ್ಥಿ ರಾಜಕಾರಣದ ಮೇಲಿನ ಆಕ್ಷೇಪಗಳು ಹಗುರವಾದವಲ್ಲ. ಎಸ್‌ಎಫ್‌ಐ, ಐಸಾ, ಎಬಿವಿಪಿ, ಎನ್‌ಎಸ್‌ಯುಐ ಎಲ್ಲವೂ ಪಕ್ಷಗಳ ಇಲ್ಲವೇ ಅವುಗಳ ಪರಿವಾರದ ನೆರಳಿನಲ್ಲಿರುವ ಸಂಘಟನೆಗಳು. ಹಾಗಾಗಿ ಕ್ಯಾಂಪಸ್ ಪಕ್ಷಗಳ ತರಬೇತಿ ಶಿಬಿರವಾಗುತ್ತದೆ ಎನ್ನುವವರಿದ್ದಾರೆ. ಬಾಪ್ಸಾದಂಥ ಅಂಬೇಡ್ಕರ್‌ವಾದಿ ಸಂಘಟನೆ ಈ ಪಕ್ಷರಾಜಕಾರಣವನ್ನೇ ಟೀಕಿಸುತ್ತ ಕಣಕ್ಕಿಳಿಯಿತು, ಅದಕ್ಕೂ ಅಲ್ಲಿ ಜಾಗ ಸಿಕ್ಕಿತು. ಪಕ್ಷದ ನಂಟು ಬಹಿರಂಗವಾಗಿದ್ದರೆ ಮತದಾರ ಅದನ್ನು ತೂಗಬಲ್ಲ. ಕಾಣದ ನಂಟು ಹೆಚ್ಚು ಅಪಾಯಕಾರಿ. ಹಣಬಲ, ತೋಳ್ಬಲಗಳ ಆಕ್ಷೇಪಕ್ಕೆ ಉತ್ತರವನ್ನು ವಿದ್ಯಾರ್ಥಿ ಚುನಾವಣೆಗಳ ಕುರಿತ, ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೋ ಸಮಿತಿಯ ವರದಿಯಲ್ಲೇ ಹುಡುಕಬಹುದು. 2006ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಆ ವರದಿ ಅಭ್ಯರ್ಥಿಯ ವೆಚ್ಚಕ್ಕೆ 5,000 ರೂಪಾಯಿ ಮಿತಿ ಹಾಕಿತು, ಮುದ್ರಿತ ಪೋಸ್ಟರ್ ನಿಷೇಧಿಸಿತು. ಜೆಎನ್‌ಯು ಮಟ್ಟಿಗೆ ಕೈಬರಹದ ಪೋಸ್ಟರ್ ಹೊಸದೇನಾಗಿರಲಿಲ್ಲ. ಚಿಕ್ಕ ಕ್ಯಾಂಪಸ್‌ಗಳ ನೇರ ಚುನಾವಣೆಗೆ ಸಮಿತಿ ಉದಾಹರಿಸಿದ್ದೂ ಜೆಎನ್‌ಯು ಮತ್ತು ಹೈದರಾಬಾದ್ ವಿಶ್ವವಿದ್ಯಾಲಯಗಳನ್ನೇ. ವಿಪರ್ಯಾಸವೆಂದರೆ, ವಯಸ್ಸು, ಹಾಜರಾತಿ ಮೊದಲಾದ ನಿಬಂಧನೆಗಳು ಪಾಲನೆಯಾಗಿಲ್ಲವೆಂದು 2008ರ ಅಕ್ಟೋಬರಿನಲ್ಲಿ ಇದೇ ಸಂಘದ ಚುನಾವಣೆಗೆ ತಡೆ ಬಿತ್ತು. ಕೆಲವು ಸಡಿಲಿಕೆ ಪಡೆದು 2012ರ ಮಾರ್ಚಿನಲ್ಲಿ ಮತ್ತೆ ಮತದಾನ ನಡೆಯಿತು. ಕೋವಿಡ್ ನಂತರದ ವಿರಾಮವೂ 2024ರ ಮಾರ್ಚಿನಲ್ಲಿ ಮುಗಿಯಿತು.

ಹಿಂಸೆಯ ಭಯ ಮಾತ್ರ ಉಳಿಯುತ್ತದೆ. 2020ರ ಜನವರಿ 5ರಂದು ಮುಸುಕುಧಾರಿಗಳು ಹಾಸ್ಟೆಲ್‌ಗಳಿಗೆ ನುಗ್ಗಿ ಹೊಡೆದಾಗ ಅಧ್ಯಕ್ಷೆ ಐಶೀ ಘೋಷ್ ಅವರ ತಲೆಗೂ ಪೆಟ್ಟಾಯಿತು. ಚುನಾವಣೆ ನಿಲ್ಲಿಸಿದರೆ ಇಂಥದ್ದೆಲ್ಲ ನಿಲ್ಲುತ್ತದೆಯೇ? ಕರ್ನಾಟಕ ಆ ದಾರಿ ಹಿಡಿದ ರಾಜ್ಯ. ಕ್ಯಾಂಪಸ್ ಹಿಂಸೆಯ ಕಾರಣ ಕೊಟ್ಟು 1980ರ ದಶಕದ ಕೊನೆಗೆ ಇಲ್ಲಿ ವಿದ್ಯಾರ್ಥಿ ಚುನಾವಣೆಗಳನ್ನು ನಿಲ್ಲಿಸಲಾಯಿತು. ಅಂದಿನಿಂದ ಅನೇಕ ಕಾಲೇಜುಗಳಲ್ಲಿ ಪ್ರತಿನಿಧಿಯನ್ನು ಗೊತ್ತುಮಾಡುವುದು ಅಂಕಪಟ್ಟಿ ಅಥವಾ ಪ್ರಾಂಶುಪಾಲರು. ಆದರೂ ಪಕ್ಷಗಳ ವಿದ್ಯಾರ್ಥಿ ಘಟಕಗಳು ಇಲ್ಲಿಂದ ಕಾಲ್ತೆಗೆಯಲಿಲ್ಲ, ಅವು ಮತ ಕೇಳುವ ಹೊಣೆಯಿಂದ ಮಾತ್ರ ಪಾರಾದವು. ಪರಿಸ್ಥಿತಿ ಕೆಟ್ಟಿದ್ದಾಗ ನಾಮಕರಣ ನಡೆಯಲಿ, ಆದರೆ ಬರೀ ಅಂಕವೇ ಅದಕ್ಕೆ ಆಧಾರವಾಗಬಾರದು, ಐದು ವರ್ಷಗಳ ಅವಧಿಯಲ್ಲಿ ಚುನಾವಣೆಗೆ ಮರಳಬೇಕು ಎಂದು ಲಿಂಗ್ಡೋ ಸಮಿತಿ ಹೇಳಿತ್ತು. ಆ ವರದಿಯನ್ನು ನ್ಯಾಯಾಲಯ ಒಪ್ಪಿದ್ದು 2006ರಲ್ಲಿ.