ತಂಬಾಕಿನ ಹೊಲದಲ್ಲಿ ಹುಟ್ಟಿದ ದೇಶ

ಅಮೆರಿಕದಲ್ಲಿ ಚುನಾವಣೆ ಬಂತು ಅಂದ್ರೆ ಸಾಕು, ನಮ್ಮ ಟಿವಿಗಳಲ್ಲಿ ಒಂದು ಮಾತು ಹತ್ತಾರು ಸಲ ಕೇಳಿಬರುತ್ತೆ. ಜಗತ್ತಿನ ಅತಿ ದೊಡ್ಡ ಪ್ರಜಾಪ್ರಭುತ್ವ ನಮ್ಮದು, ಅತಿ ಹಳೆಯದು ಅವರದು ಅಂತ. ಸರಿ, ಎಷ್ಟು ಹಳೆಯದು? ಆ ದೇಶ ಹುಟ್ಟಿದ್ದು ಯಾವಾಗ ಅಂತ ಯಾರನ್ನೇ ಕೇಳಿ, 1776ರ ಜುಲೈ 4 ಅಂತಾರೆ. ಶಾಲೆಯಲ್ಲಿ ನಾವೆಲ್ಲ ಓದಿದ್ದೂ ಅದನ್ನೇ. ಆದರೆ ನನ್ನನ್ನ ಕೇಳಿದ್ರೆ ಅದು ನಾಮಕರಣದ ದಿನ. ಮಗು ಹುಟ್ಟಿ ಅಷ್ಟೊತ್ತಿಗಾಗಲೇ 169 ವರ್ಷ ಆಗಿತ್ತು. ಆ ಮಗುವಿನ ಜಾತಕ ಬಿಡಿಸಿ ನೋಡಿದ್ರೆ, ಸ್ವಾತಂತ್ರ್ಯದ ಬಗ್ಗೆ ಅಷ್ಟು ದೊಡ್ಡ ಮಾತಾಡುವ ಆ ದೇಶ ಬಣ್ಣದ ಪ್ರಶ್ನೆ ಬಂದಾಗ ಯಾಕೆ ಹಾಗೆ ತಡವರಿಸುತ್ತೆ ಅನ್ನೋದು ಅರ್ಥ ಆಗುತ್ತೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಅಮೆರಿಕಕ್ಕೆ ಇಂಗ್ಲಿಷರು ಕಾಲಿಟ್ಟಿದ್ದು ಸೈನ್ಯ ಕಟ್ಟಿಕೊಂಡು ಅಲ್ಲ, ಷೇರು ಮಾರಿ. 1606ರಲ್ಲಿ ರಾಜ ಒಂದನೇ ಜೇಮ್ಸ್ ವರ್ಜೀನಿಯಾ ಕಂಪನಿಗೆ ಸನದು ಕೊಟ್ಟ. ಜಮೀನು ಯಾರದು? ಅಲ್ಲಿ ಮೊದಲಿನಿಂದ ಇದ್ದವರದು. ದುಡ್ಡು ಯಾರದು? ಲಂಡನ್ನಿನ ವ್ಯಾಪಾರಿಗಳದು. ರಾಜನದು ಬರೀ ಮೊಹರು. ಈ ಕಂಪನಿಯನ್ನು ಮುಂದೆ 1609ರಿಂದ ಹತ್ತು ವರ್ಷ ನಡೆಸಿದವನ ಹೆಸರು ಥಾಮಸ್ ಸ್ಮಿತ್. ಈ ಹೆಸರು ನೆನಪಿಟ್ಟುಕೊಳ್ಳಿ. 1600ರಲ್ಲಿ ಶುರುವಾದ ಇನ್ನೊಂದು ಕಂಪನಿಗೂ ಮೊದಲ ಗವರ್ನರ್ ಇವನೇ. ಯಾವ ಕಂಪನಿ ಗೊತ್ತಾ? ಈಸ್ಟ್ ಇಂಡಿಯಾ ಕಂಪನಿ. ಒಂದು ಕೈ ಅಮೆರಿಕದ ಕಡೆಗೆ, ಇನ್ನೊಂದು ಕೈ ನಮ್ಮ ಕಡೆಗೆ.

1606ರ ಡಿಸೆಂಬರ್‌ನಲ್ಲಿ ಮೂರು ಹಡಗು ಹೊರಟವು. 1607ರ ಮೇ ತಿಂಗಳಲ್ಲಿ 104 ಮಂದಿ ವರ್ಜೀನಿಯಾದ ಒಂದು ನದಿ ದಂಡೆಯಲ್ಲಿ ಇಳಿದರು. ಎಲ್ಲರೂ ಗಂಡಸರು ಮತ್ತು ಹುಡುಗರು, ಒಬ್ಬಳೇ ಒಬ್ಬ ಹೆಂಗಸಿಲ್ಲ. ಊರಿಗೆ ರಾಜನ ಹೆಸರನ್ನೇ ಇಟ್ಟರು, ಜೇಮ್ಸ್‌ಟೌನ್. ಅವರಲ್ಲಿ ಕೈ ಕೆಸರು ಮಾಡಿಕೊಂಡು ಗೊತ್ತಿಲ್ಲದ ದೊಡ್ಡಮನೆಯವರು ಬಹಳ ಇದ್ದರು. ಅವರ ತಲೆಯಲ್ಲಿದ್ದದ್ದು ಚಿನ್ನ. ಸ್ಪೇನಿನವರಿಗೆ ಮೆಕ್ಸಿಕೋ, ಪೆರುವಿನಲ್ಲಿ ಚಿನ್ನ ಬೆಳ್ಳಿ ಸಿಕ್ಕಿತ್ತಲ್ಲ, ನಮಗೂ ಸಿಗುತ್ತೆ ಅಂತ. ಹೊಳೆಯುವ ಮಣ್ಣನ್ನ ಹಡಗಿಗೆ ತುಂಬಿ ಇಂಗ್ಲೆಂಡಿಗೆ ಕಳಿಸಿದ್ದೂ ಉಂಟು. ಪರೀಕ್ಷೆ ಮಾಡಿದ್ರೆ ಬರೀ ಮಣ್ಣು!

ಆರಿಸಿಕೊಂಡ ಜಾಗವೂ ಹಾಗೇ ಇತ್ತು. ಹಡಗು ದಡದ ತನಕ ಬರುತ್ತೆ, ಸ್ಪೇನಿನವರು ಬಂದ್ರೆ ದೂರದಿಂದಲೇ ಕಾಣಿಸುತ್ತೆ ಅಂತ ಆರಿಸಿದರು. ಆದರೆ ಅದು ಜೌಗು ನೆಲ. ಬೇಸಿಗೆಯಲ್ಲಿ ನದಿ ನೀರು ಉಪ್ಪಾಗುತ್ತೆ. ಕುಡಿಯೋಕೆ ಅದೇ ನೀರು. ಜ್ವರ, ಭೇದಿ. 1608ರ ಜನವರಿ ಹೊತ್ತಿಗೆ 104ರಲ್ಲಿ ಉಳಿದಿದ್ದವರು 38 ಮಂದಿ.

ಹಾಗಾದ್ರೆ ಅಷ್ಟು ಜನನಾದರೂ ಬದುಕಿದ್ದು ಹೇಗೆ? ಆ ನೆಲ ಖಾಲಿ ಇರಲಿಲ್ಲ ಸ್ವಾಮಿ. ಸುಮಾರು ಮೂವತ್ತು ಬುಡಕಟ್ಟುಗಳು ಸೇರಿದ್ದ ಪೌಹಾಟನ್ ಒಕ್ಕೂಟ ಅಲ್ಲಿತ್ತು. ಅವರು ಮೆಕ್ಕೆಜೋಳ ಬೆಳೆಯುತ್ತಿದ್ದರು, ಅವರಿಗೆ ಊರಿತ್ತು, ಒಡೆಯನಿದ್ದ, ತೆರಿಗೆಯ ಲೆಕ್ಕ ಇತ್ತು. ಇಂಗ್ಲಿಷರು ಅವರಿಂದ ಜೋಳ ಕೊಂಡರು, ಬೇಡಿದರು, ಕೊನೆಗೆ ಕಿತ್ತುಕೊಂಡರು. ಸಂಬಂಧ ಕೆಟ್ಟಿತು. ಪೌಹಾಟನ್ನರು ಕೋಟೆಯನ್ನ ಸುತ್ತುವರಿದು ಜೋಳದ ದಾರಿ ಮುಚ್ಚಿದರು.

ಆಗ ಬಂದಿದ್ದೇ 1609ರ ಚಳಿಗಾಲ. ಇತಿಹಾಸದಲ್ಲಿ ಅದಕ್ಕೆ ‘ಹಸಿವಿನ ಕಾಲ’ ಅಂತಲೇ ಹೆಸರು. ಕೋಟೆಯೊಳಗೆ ಕುದುರೆ ತಿಂದರು, ನಾಯಿ ತಿಂದರು, ಇಲಿ ತಿಂದರು, ಚಪ್ಪಲಿಯ ತೊಗಲು ಬೇಯಿಸಿದರು. ಅದಕ್ಕಿಂತ ಕೆಟ್ಟದ್ದೂ ನಡೀತು ಅಂತ ಆಗಲೇ ಬರೆದಿಟ್ಟವರಿದ್ದರು, ಬಹಳ ಜನ ನಂಬಿರಲಿಲ್ಲ. 2012ರಲ್ಲಿ ಅಲ್ಲಿ ಅಗೆದಾಗ ಸುಮಾರು 14 ವರ್ಷದ ಒಬ್ಬ ಇಂಗ್ಲಿಷ್ ಹುಡುಗಿಯ ತಲೆಬುರುಡೆ ಸಿಕ್ಕಿತು. ಅದರ ಮೇಲೆ ಕತ್ತಿಯ ಗಾಯಗಳು. ಸತ್ತ ಮೇಲೆ ಅವಳ ಮಾಂಸ ಕೊಯ್ದಿದ್ದರು ಅಂತ ವಿಜ್ಞಾನಿಗಳು ಖಚಿತಪಡಿಸಿದರು. ವಸಂತ ಬರೋ ಹೊತ್ತಿಗೆ ಜೇಮ್ಸ್‌ಟೌನ್‌ನಲ್ಲಿ ಉಸಿರಾಡುತ್ತಿದ್ದವರು ಸುಮಾರು 60 ಜನ. ಸಾಕಪ್ಪಾ ಸಾಕು ಅಂತ 1610ರ ಜೂನ್‌ನಲ್ಲಿ ಹಡಗು ಹತ್ತಿ ಹೊರಟೇಬಿಟ್ಟರು. ಅದೇ ನದಿಯಲ್ಲಿ ಎದುರಿಗೆ ಹೊಸ ಗವರ್ನರ್ ಬಂದ, ಅವನ ಹಡಗುಗಳಲ್ಲಿ ಊಟ ಇತ್ತು, ಜನ ಇದ್ದರು. ಎಲ್ಲರನ್ನೂ ವಾಪಸ್ ತಿರುಗಿಸಿದ.

ಆದರೆ ಕಂಪನಿಗೆ ಲಾಭ ಎಲ್ಲಿ? ಅದು ಬಂದಿದ್ದು ಒಂದು ಎಲೆಯಿಂದ. 1612ರ ಸುಮಾರಿಗೆ ಜಾನ್ ರಾಲ್ಫ್ ಅನ್ನೋನು ಹೊರಗಿನ ಸಿಹಿ ಜಾತಿಯ ತಂಬಾಕಿನ ಬೀಜ ತಂದು ಅಲ್ಲಿ ಬಿತ್ತಿದ. ಪೌಹಾಟನ್ ದೊರೆಯ ಮಗಳು ಪೊಕಹೊಂಟಾಸ್‌ಳನ್ನ 1614ರಲ್ಲಿ ಮದುವೆಯಾದವನೂ ಇವನೇ. ತಮಾಷೆ ನೋಡಿ, ರಾಜ ಜೇಮ್ಸ್‌ಗೆ ತಂಬಾಕು ಕಂಡ್ರೆ ಆಗುತ್ತಿರಲಿಲ್ಲ. 1604ರಲ್ಲಿ ಅದರ ವಿರುದ್ಧ ಒಂದು ಪುಸ್ತಕವನ್ನೇ ಬರೆದಿದ್ದ. ಬೈದದ್ದೂ ಅವನೇ, ಆಮೇಲೆ ಅದರ ಸುಂಕ ಎಣಿಸಿಕೊಂಡದ್ದೂ ಅವನೇ. ಮದ್ಯದ ವಿಷಯದಲ್ಲಿ ನಮ್ಮ ಸರ್ಕಾರಗಳನ್ನ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. 1617ರಲ್ಲಿ ವರ್ಜೀನಿಯಾದಿಂದ ಸುಮಾರು 20,000 ಪೌಂಡ್ ತಂಬಾಕು ಹಡಗು ಹತ್ತಿತು. ಜೇಮ್ಸ್‌ಟೌನ್‌ನ ಬೀದಿಯಲ್ಲೂ ತಂಬಾಕು ನೆಟ್ಟರು. ಇವತ್ತು ನಮ್ಮ ಹುಣಸೂರು, ಪಿರಿಯಾಪಟ್ಟಣದ ರೈತರು ಬೆಳೆದು ಬ್ಯಾರನ್‌ನಲ್ಲಿ ಹದ ಮಾಡೋ ಹೊಗೆಸೊಪ್ಪಿಗೆ ‘ಎಫ್‌ಸಿವಿ’ ಅಂತಾರಲ್ಲ, ಆ ಕೊನೆಯ ‘ವಿ’ ಅಂದ್ರೆ ಇದೇ ವರ್ಜೀನಿಯಾ.

ತಂಬಾಕು ಬೆಳೆದವರಿಗೆ ಗೊತ್ತು, ಅದು ನೆಲದ ಸಾರ ಹೀರುತ್ತೆ, ಮೈ ಮುರಿಯೋ ಕೆಲಸ ಕೇಳುತ್ತೆ. ಅಂದ್ರೆ ಎರಡು ಬೇಕು, ಹೊಸ ಹೊಸ ಜಮೀನು ಮತ್ತು ಲೆಕ್ಕವಿಲ್ಲದಷ್ಟು ಕೈಗಳು. ಜಮೀನು ಪೌಹಾಟನ್ನರಿಂದ ಬಂತು. ಅವರು ಸುಮ್ಮನೆ ಬಿಟ್ಟುಕೊಡಲಿಲ್ಲ. 1622ರ ಮಾರ್ಚ್ 22ರಂದು ಒಂದೇ ದಿನ 347 ವಲಸಿಗರನ್ನ ಕೊಂದರು. ಆಮೇಲೆ ಇಂಗ್ಲಿಷರು ವರ್ಷಾನುಗಟ್ಟಲೆ ಸೇಡು ತೀರಿಸಿಕೊಂಡು ಅವರ ನೆಲವನ್ನ ನುಂಗಿದರು. ಸರಿ, ಕೈಗಳು ಎಲ್ಲಿಂದ ಬಂದವು? ಇದಕ್ಕೆ ಉತ್ತರ ಒಂದೇ ವರ್ಷದಲ್ಲಿದೆ, 1619.

ಆಗ ಇಂಗ್ಲೆಂಡಿನಲ್ಲಿ ವರ್ಜೀನಿಯಾ ಅಂದ್ರೆ ಸಾವಿನ ಮನೆ ಅನ್ನೋ ಹೆಸರು. ಹಸಿವು ಒಂದು ಕಡೆ, ಚಿಕ್ಕ ತಪ್ಪಿಗೂ ಗಲ್ಲಿಗೇರಿಸೋ ಮಿಲಿಟರಿ ಕಾನೂನು ಇನ್ನೊಂದು ಕಡೆ. ಯಾರು ಹೋಗ್ತಾರೆ? ಜನರನ್ನ ಸೆಳೆಯೋಕೆ ಕಂಪನಿ ಎರಡು ಆಸೆ ತೋರಿಸಿತು. ಹಡಗಿನ ಖರ್ಚು ಹಾಕಿದವನಿಗೆ ತಲೆಗೆ 50 ಎಕರೆ ಜಮೀನು. ಜೊತೆಗೆ ಕಾನೂನು ಮಾಡೋದರಲ್ಲಿ ನಿಮಗೂ ಒಂದು ಮಾತು. ಹೀಗೆ 1619ರ ಜುಲೈ 30ರಂದು ಜೇಮ್ಸ್‌ಟೌನ್‌ನ ಚರ್ಚಿನಲ್ಲಿ ಬೇರೆ ಬೇರೆ ವಸಾಹತುಗಳಿಂದ ಆರಿಸಿ ಬಂದ ಪ್ರತಿನಿಧಿಗಳು ಕೂತರು. ಇಂಗ್ಲಿಷ್ ಅಮೆರಿಕದ ಮೊದಲ ಶಾಸನಸಭೆ. ಭಯಂಕರ ಸೆಕೆ. ಒಬ್ಬ ಸದಸ್ಯ ಆ ದಿನಗಳಲ್ಲೇ ತೀರಿಕೊಂಡ. ಆರನೇ ದಿನಕ್ಕೆ ಸಭೆ ಮುಗಿಸಿದರು. ಅವರು ಮಾತಾಡಿದ್ದೇನು? ಕುಡಿತ, ಜೂಜು, ಸೋಮಾರಿತನಕ್ಕೆ ಶಿಕ್ಷೆ, ಮತ್ತೆ ತಂಬಾಕಿನ ಬೆಲೆ.

ಇನ್ನೂ ಒಂದು ತಿಂಗಳು ಕಳೆದಿರಬೇಕು. ಆಗಸ್ಟ್ ಕೊನೆಯಲ್ಲಿ ಅದೇ ವರ್ಜೀನಿಯಾದ ಪಾಯಿಂಟ್ ಕಂಫರ್ಟ್ ಅನ್ನೋ ದಡಕ್ಕೆ ‘ವೈಟ್ ಲಯನ್’ ಅನ್ನೋ ಹಡಗು ಬಂತು. ಅದರಲ್ಲಿ ಅಂಗೋಲಾದಿಂದ ಹಿಡಿದು ತಂದಿದ್ದ ಇಪ್ಪತ್ತಕ್ಕಿಂತ ಸ್ವಲ್ಪ ಹೆಚ್ಚು ಆಫ್ರಿಕನ್ನರಿದ್ದರು. ಮೆಕ್ಸಿಕೋ ಕಡೆ ಹೋಗುತ್ತಿದ್ದ ಪೋರ್ಚುಗೀಸ್ ಹಡಗನ್ನ ದೋಚಿ ತಂದವರು. ಆಹಾರ ಸಾಮಗ್ರಿ ಕೊಟ್ಟು ಅವರನ್ನ ಕೊಂಡುಕೊಂಡರು. ಈ ವ್ಯವಹಾರವನ್ನ ಲಂಡನ್ನಿಗೆ ಪತ್ರ ಬರೆದು ತಿಳಿಸಿದ್ದು ಯಾರು? ತಂಬಾಕಿನ ಬೀಜ ತಂದ ಅದೇ ಜಾನ್ ರಾಲ್ಫ್. ಮನುಷ್ಯರನ್ನ ಕೊಂಡ ಸುದ್ದಿ ಅವನ ಪತ್ರದಲ್ಲಿ ಉಳಿದ ವರದಿಗಳ ನಡುವೆ ಇನ್ನೊಂದು ವರದಿ, ಅಷ್ಟೇ.

ಈ ಕಥೆಯಲ್ಲಿ ನನ್ನನ್ನ ಕಾಡೋದು ಇದೇ ಜಾಗ. ಒಂದೇ ಬೇಸಿಗೆ, ಒಂದೇ ವಸಾಹತು. ಶಾಸನಸಭೆಯೂ ಅಲ್ಲೇ ಹುಟ್ಟಿತು, ಗುಲಾಮಗಿರಿಯೂ ಅಲ್ಲೇ ಇಳಿಯಿತು. ಕಾಕತಾಳೀಯ ಅಂತ ಕೆಲವರು ಹೇಳ್ತಾರೆ. ತಾರೀಖು ಕಾಕತಾಳೀಯ ಇರಬಹುದು, ಕಾರಣ ಅಲ್ಲ. ಎರಡರ ಹಿಂದೆಯೂ ಅದೇ ತಂಬಾಕಿನ ಲೆಕ್ಕ ಇತ್ತು. ಹೊಲದ ಮಾಲೀಕನನ್ನ ಅಲ್ಲೇ ಉಳಿಸಿಕೊಳ್ಳೋಕೆ ಅವನಿಗೆ ಓಟು ಬೇಕಿತ್ತು. ಹೊಲದಲ್ಲಿ ದುಡಿಸೋಕೆ ಓಟಿಲ್ಲದ ಆಳು ಬೇಕಿತ್ತು.

ಶುರುವಿನಲ್ಲಿ ಗುಲಾಮಗಿರಿಗೆ ಕಾನೂನಿನ ಹೆಸರಿರಲಿಲ್ಲ. ಬಡ ಬಿಳಿಯರೂ ಇಷ್ಟು ವರ್ಷ ಅಂತ ಕರಾರು ಬರೆದುಕೊಟ್ಟು ಜೀತಕ್ಕೆ ಬರುತ್ತಿದ್ದರು, ಆಫ್ರಿಕನ್ನರಲ್ಲೂ ಕೆಲವರು ಬಿಡುಗಡೆಯಾಗಿ ಜಮೀನು ಮಾಡಿಕೊಂಡರು. ಗಂಟು ಬಿಗಿದದ್ದು ಹಂತ ಹಂತವಾಗಿ. 1640ರಲ್ಲಿ ಮೂವರು ಆಳುಗಳು ಓಡಿಹೋಗಿ ಸಿಕ್ಕಿಬಿದ್ದರು. ಇಬ್ಬರು ಬಿಳಿಯರಿಗೆ ನಾಲ್ಕು ವರ್ಷ ಹೆಚ್ಚು ಜೀತ. ಮೂರನೆಯವನು ಜಾನ್ ಪಂಚ್, ಕಪ್ಪು ಮನುಷ್ಯ. ಅವನಿಗೆ ಸಾಯೋ ತನಕ. ತಪ್ಪು ಒಂದೇ, ಶಿಕ್ಷೆ ಮಾತ್ರ ಬಣ್ಣ ನೋಡಿ. 1662ರಲ್ಲಿ ಇನ್ನೊಂದು ಕಾನೂನು ಬಂತು, ತಾಯಿ ಗುಲಾಮಳಾದರೆ ಮಗುವೂ ಗುಲಾಮ. ಇಂಗ್ಲೆಂಡಿನ ಪದ್ಧತಿಯಲ್ಲಿ ಮಗುವಿಗೆ ತಂದೆಯ ಸ್ಥಾನಮಾನ. ಇಲ್ಲಿ ತಿರುಗಿಸಿದರು. ಯಾಕೆ ಅಂತ ಬಿಡಿಸಿ ಹೇಳಬೇಕಾ? ಒಡೆಯನಿಗೆ ಹುಟ್ಟಿದ ಮಗುವೂ ಒಡೆಯನ ಆಸ್ತಿಯೇ ಆಗಲಿ ಅಂತ. 1676ರಲ್ಲಿ ನಥಾನಿಯೆಲ್ ಬೇಕನ್ ಅನ್ನೋನ ದಂಗೆಯಲ್ಲಿ ಬಡ ಬಿಳಿಯರು, ಕರಿಯರು ಒಟ್ಟಿಗೆ ಸೇರಿ ಜೇಮ್ಸ್‌ಟೌನನ್ನೇ ಸುಟ್ಟರು. ದೊಡ್ಡ ಜಮೀನ್ದಾರರು ಬೆಚ್ಚಿದರು. ಆಮೇಲಿನ ವರ್ಷಗಳಲ್ಲಿ ಬಿಳಿ ಜೀತದಾಳುಗಳು ಕಡಿಮೆಯಾದರು, ಗುಲಾಮರು ಹೆಚ್ಚಾದರು. 1705ರಲ್ಲಿ ಗುಲಾಮ ಸಂಹಿತೆ ಪೂರ್ತಿಯಾಯಿತು. 1662ರ ಕಾನೂನಾಗಲಿ 1705ರದ್ದಾಗಲಿ ಮಾಡಿದ್ದು ಯಾರು? ಯಾವ ನಿರಂಕುಶ ರಾಜನೂ ಅಲ್ಲ. ಅದೇ ಚರ್ಚಿನಲ್ಲಿ ಹುಟ್ಟಿದ, ಜನ ಆರಿಸಿದ ಶಾಸನಸಭೆ.

ಅಮೆರಿಕನ್ನರು ತಮ್ಮ ಮಕ್ಕಳಿಗೆ ಹೇಳಲು ಇಷ್ಟಪಡೋದು ಇನ್ನೊಂದು ಕಥೆ. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ 102 ಜನ ಬಂದದ್ದು, ಇಳಿಯೋ ಮೊದಲೇ 41 ಗಂಡಸರು ಒಟ್ಟಾಗಿ ಬಾಳ್ತೀವಿ ಅಂತ ಒಪ್ಪಂದಕ್ಕೆ ಸಹಿ ಹಾಕಿದ್ದು. ಅದೂ ನಿಜವೇ. ಆ ಮೊದಲ ಚಳಿಗಾಲದಲ್ಲಿ ಅವರಲ್ಲಿ ಅರ್ಧದಷ್ಟು ಜನ ಸತ್ತರು, ಉಳಿದವರು ಊರು ಕಟ್ಟಿದರು. ಊರವರೆಲ್ಲ ಸೇರಿ ತೀರ್ಮಾನ ಮಾಡೋ ಪದ್ಧತಿ ಉತ್ತರದ ಆ ಭಾಗದಲ್ಲಿ ಗಟ್ಟಿಯಾಯಿತು. ಆದರೆ ಉತ್ತರದವರ ಕೈಯೂ ಪೂರ್ತಿ ಶುದ್ಧ ಇರಲಿಲ್ಲ. ಅವರ ಮೀನು, ಮರ ಮಾರಾಟವಾಗುತ್ತಿದ್ದದ್ದು ಕೆರಿಬಿಯನ್ ದ್ವೀಪಗಳ ಗುಲಾಮರ ಕಬ್ಬಿನ ತೋಟಗಳಿಗೆ.

ಈಗ 1776ಕ್ಕೆ ಬನ್ನಿ. ಲಂಡನ್ ತೆರಿಗೆ ಹಾಕಿದಾಗ ಅವರು ಅಷ್ಟು ಕೆರಳಿದ್ದು ಯಾಕೆ? ಒಂದೂವರೆ ಶತಮಾನ ತಮ್ಮ ಕಾನೂನು ತಾವೇ ಮಾಡಿಕೊಂಡು ಅಭ್ಯಾಸವಾಗಿತ್ತು. 1773ರಲ್ಲಿ ಬೋಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹಾ ನೀರಿಗೆಸೆದರಲ್ಲ, ಅದು ಥಾಮಸ್ ಸ್ಮಿತ್ ಹಿಂದೆ ನಡೆಸಿದ್ದ ಆ ಇನ್ನೊಂದು ಕಂಪನಿಯ ಚಹಾ. ವಾಷಿಂಗ್ಟನ್, ಜೆಫರ್ಸನ್ ಇಬ್ಬರೂ ವರ್ಜೀನಿಯಾದ ಆ ಶಾಸನಸಭೆಯಲ್ಲಿ ಪಳಗಿದವರು. ಎಲ್ಲ ಮನುಷ್ಯರೂ ಸಮಾನರು ಅಂತ ಘೋಷಣಾಪತ್ರ ಬರೆದ ಜೆಫರ್ಸನ್ ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರ ಒಡೆಯ. 1787ರ ಸಂವಿಧಾನದಲ್ಲಿ ಸೀಟು ಹಂಚೋಕೆ ಐದು ಗುಲಾಮರನ್ನ ಮೂರು ಜನ ಅಂತ ಎಣಿಸಿದರು. ಓಟು ಮಾತ್ರ ಸೊನ್ನೆ. ಅದರ ಲಾಭ ಯಾರಿಗೆ? ಮೊದಲ ಐದು ಅಧ್ಯಕ್ಷರಲ್ಲಿ ನಾಲ್ವರು ವರ್ಜೀನಿಯಾದವರು, ನಾಲ್ವರೂ ಗುಲಾಮರ ಒಡೆಯರು. 1790ರ ಜನಗಣತಿಯಲ್ಲಿ ವರ್ಜೀನಿಯಾದ ನೂರು ಜನರಲ್ಲಿ ಸುಮಾರು 39 ಮಂದಿ ಗುಲಾಮರು.

ಇದರಲ್ಲಿ ನಮಗೂ ಒಂದು ಎಳೆ ಇದೆ. 1781ರಲ್ಲಿ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್ ಶರಣಾದ ಯಾರ್ಕ್‌ಟೌನ್, ಜೇಮ್ಸ್‌ಟೌನ್‌ನಿಂದ ನಲವತ್ತು ಕಿಲೋಮೀಟರ್ ಕೂಡ ಇಲ್ಲ. ಅಲ್ಲಿ ಸೋತವನು 1786ರಲ್ಲಿ ಭಾರತಕ್ಕೆ ಗವರ್ನರ್ ಜನರಲ್ ಆಗಿ ಬಂದ. 1792ರಲ್ಲಿ ನಮ್ಮ ಶ್ರೀರಂಗಪಟ್ಟಣದ ಬಾಗಿಲಲ್ಲಿ ನಿಂತು ಟಿಪ್ಪುವಿನ ಅರ್ಧ ರಾಜ್ಯ ತೆಗೆದುಕೊಂಡ, ಇಬ್ಬರು ಮಕ್ಕಳನ್ನ ಒತ್ತೆಯಾಗಿ ಒಯ್ದ. ಅಲ್ಲಿ ನೆಲೆಸಿದವರು ಇಂಗ್ಲಿಷರು, ಹಾಗಾಗಿ ಕಂಪನಿ ಅವರಿಗೆ ಶಾಸನಸಭೆ ಕೊಟ್ಟಿತು. ಇಲ್ಲಿದ್ದವರು ನಾವು. ನಮಗೆ ಸಿಕ್ಕಿದ್ದು ಕಂದಾಯದ ಕಲೆಕ್ಟರ್.

ಅಮೆರಿಕ ಗುಲಾಮಗಿರಿಯನ್ನ ಸಂವಿಧಾನದಿಂದ ತೆಗೆದುಹಾಕಿದ್ದು 1865ರಲ್ಲಿ, ಒಂದು ಘೋರ ಅಂತರ್ಯುದ್ಧ ಆದ ಮೇಲೆ. ಆ ಹಡಗು ಬಂದು 246 ವರ್ಷಕ್ಕೆ. ಆ ದೇಶವನ್ನ ಹೀಯಾಳಿಸೋಕೆ ನಾನು ಇದನ್ನ ಹೇಳುತ್ತಿಲ್ಲ. ಆ ಗುಲಾಮರ ಮೊಮ್ಮಕ್ಕಳೇ ಅದೇ ಘೋಷಣಾಪತ್ರ ಹಿಡಿದು, ನೀವು ಬರೆದ ಮಾತು ನೀವೇ ನಡೆಸಿ ಅಂತ ಕೇಳಿ ಗೆದ್ದರು. ಅದು ಸಣ್ಣ ಸಾಧನೆಯಲ್ಲ. ಆದರೆ ಶಾಸನಸಭೆ ಇದೆ, ಓಟಿದೆ, ಬಹುಮತ ಇದೆ, ಇನ್ನೇನು ಬೇಕು ಅಂತ ಯಾರಾದರೂ ಕೇಳಿದಾಗ 1662ರ ಆ ಕಾನೂನನ್ನ ಒಮ್ಮೆ ನೆನಪು ಮಾಡಿಕೊಳ್ಳಿ. ಅದಕ್ಕೂ ಬಹುಮತ ಇತ್ತು. ಸಭೆಯ ಒಳಗೆ ಯಾರು ಕೂತಿದ್ದಾರೆ ಅಂತ ಎಲ್ಲರೂ ಎಣಿಸುತ್ತಾರೆ. ಬಾಗಿಲ ಹೊರಗೆ ಯಾರನ್ನ ನಿಲ್ಲಿಸಿದ್ದಾರೆ ಅನ್ನೋದನ್ನೂ ಎಣಿಸಬೇಕು.